ಪಿಲ್ಲಿಂಗನ ಬೆರಳು ತೋರಿದ ಜಾಗ

ಪುರಸಭೆಯ ಸಮಿತಿಗಳಿಗೆ ಸದಸ್ಯರನ್ನು ಹಂಚುವ ದಿನ ಕತ್‌ಬರ್ಟ್ ಪಿಲ್ಲಿಂಗ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಎಲ್ಲ ಅನಾಹುತವೂ ಹುಟ್ಟಿದ್ದು ಆ ಹಲ್ಲಿನಿಂದಲೇ. ಅವನಿಗೆ ಆಸೆಯಿದ್ದದ್ದು ಉದ್ಯಾನ ಸಮಿತಿಯ ಮೇಲೆ. ಗುಲಾಬಿ ಗಿಡಗಳು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ, ಕೇಳಿದರೆ ತಾನು ಹೂಂ ಅನ್ನಬೇಕಾಗುವುದೂ ಇಲ್ಲ. ಆದರೆ ಊದಿದ ಕೆನ್ನೆ ಹೊತ್ತುಕೊಂಡು ಬರುವಷ್ಟರಲ್ಲಿ ಉದ್ಯಾನ ಇನ್ನೊಬ್ಬರ ಪಾಲಾಗಿ, ಯಾರಿಗೂ ಬೇಡವಾದ ಮದ್ಯದ ಲೈಸೆನ್ಸ್ ಸಮಿತಿ ಇವನ ತಲೆಗೆ ಬಂದಿತ್ತು.

ಬ್ರಾಕ್ಸ್‌ಬಿ ಊರಿನಲ್ಲಿ ಅವನದು ಚಪ್ಪಲಿ ಬೂಟುಗಳ ಅಂಗಡಿ. ಅಳತೆ ನೋಡುತ್ತ, ಲೇಸು ಬಿಗಿಯುತ್ತ ಊರಿನ ಅರ್ಧ ಜನರ ಕಾಲು ಹಿಡಿದವನು. ಚುನಾವಣೆಗೆ ನಿಲ್ಲುವವರು ಹೊಸದಾಗಿ ಕಲಿಯಬೇಕಾದ ವಿದ್ಯೆ ಅವನಿಗೆ ಕಸುಬಿನಿಂದಲೇ ಬಂದಿತ್ತು, ಹಾಗಾಗಿ ಗೆದ್ದ. ಗೆದ್ದ ಮೇಲೆ ಜನ ತಿರುಗಿ ಅವನ ಕಾಲು ಹಿಡಿಯಲಿಲ್ಲ. ಕುತ್ತಿಗೆ ಹಿಡಿದರು.

ಒಂದು ದಿನ ಬೆಳಿಗ್ಗೆ ಲೈಸೆನ್ಸ್ ಸಮಿತಿಯ ಸಭೆ. ಇನ್ನು ಐದು ವರ್ಷ ಊರಿನಲ್ಲಿ ಎಲ್ಲಿ, ಎಷ್ಟು ಹೊತ್ತಿನವರೆಗೆ ಕುಡಿಯಬಹುದು, ಕುಣಿಯಬಹುದು ಎಂಬ ನೀತಿ ತೀರ್ಮಾನವಾಗಬೇಕು. ಸಂತೆಬೀದಿಯ ಸುತ್ತ ಕೆಂಪು ಗೆರೆ ಎಳೆದು, ಅದರೊಳಗೆ ಹೊಸ ಬಾರುಗಳಿಗೆ ಲೈಸೆನ್ಸ್ ಇಲ್ಲ, ಹಳೆಯವೂ ಹನ್ನೊಂದಕ್ಕೆ ಬಾಗಿಲು ಹಾಕಬೇಕು ಎನ್ನುವುದು ಒಂದು ಸಲಹೆ. ಈಗಿರುವ ಹಾಗೇ ಇರಲಿ ಎನ್ನುವುದು ಇನ್ನೊಂದು.

ಪಿಲ್ಲಿಂಗ್ ಸಂತೆಬೀದಿಗೆ ಕಾಲಿಡುತ್ತಲೇ ಮಿಸೆಸ್ ಹೆಪ್‌ವರ್ತ್ ಕೊಡೆಯ ಹಿಡಿಕೆಯಿಂದ ಅವನ ತೋಳಿಗೆ ಕೊಕ್ಕೆ ಹಾಕಿದಳು. ಬೀದಿಯ ಒಂದು ಮನೆಯ ಮೇಲಂತಸ್ತಿನಲ್ಲಿ ಒಬ್ಬಳೇ ಇರುವ ಮುದುಕಿ.

“ನೋಡಪ್ಪಾ ಪಿಲ್ಲಿಂಗ್, ಶನಿವಾರ ನನ್ನ ಮೆಟ್ಟಿಲ ಮೇಲೆ ಒಬ್ಬ ಮಲಗಿದ್ದ. ಎಬ್ಬಿಸಿದ್ರೆ ‘ಅಮ್ಮಾ, ಇವತ್ತು ಸ್ಕೂಲಿಗೆ ರಜ’ ಅಂದ! ನಲವತ್ತು ದಾಟಿದ ಕತ್ತೆ! ನಾನು ಕಣ್ಣಿಗೆ ಕಣ್ಣು ಹಚ್ಚಿ ಎಷ್ಟು ಕಾಲ ಆಯ್ತು ಗೊತ್ತಾ? ಆ ಕೆಂಪು ಗೆರೆಗೆ ಕೈ ಎತ್ತುತ್ತೀಯ ತಾನೆ?”

ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಅವನ ಕರುಳು ಚುರುಕ್ ಎಂದಿತು. “ಆಗ್ಲಿ ಅಮ್ಮಾ, ಖಂಡಿತ,” ಎಂದ.

ಹತ್ತು ಹೆಜ್ಜೆ ಹೋಗಿರಲಿಲ್ಲ, ‘ಕುರುಡು ಕೊಕ್ಕರೆ’ ಎಂಬ ಪಬ್ಬಿನ ಬಾಗಿಲಿನಿಂದ ಒಂದು ದಪ್ಪ ಕೈ ಬಂದು ಅವನನ್ನು ಒಳಗೆಳೆದುಕೊಂಡಿತು. ಒಡತಿ ಗ್ಲೆಂಡಾ ಸ್ಟಬ್ಸ್.

“ಏ ಪಿಲ್ಲಿಂಗೂ, ನನ್ನ ರಾಜಾ! ಹನ್ನೊಂದಕ್ಕೆ ಬಾಗಿಲು ಹಾಕಿದ್ರೆ ನಾನು, ಅಡಿಗೆಯವನು, ಪಿಯಾನೋ ನುಡಿಸೋ ಆ ಬಡಪಾಯಿ, ಎಲ್ಲಾ ಕಲ್ಲು ತಿನ್ಬೇಕೇನೋ? ನಮ್ಮಪ್ಪ ನಡೆಸಿದ ಅಂಗಡಿ ಕಣೋ ಇದು. ಗೆರೆ ಬೇಡ ಅಂತ ಹೇಳ್ತೀಯ ತಾನೆ?”

ಅವಳ ಕಣ್ಣಲ್ಲಿ ನೀರು, ಹಿಡಿತದಲ್ಲಿ ಉಕ್ಕು. ಯಾವುದಕ್ಕೆ ಮಣಿದನೋ, “ಆಗ್ಲಿ ಗ್ಲೆಂಡಾ, ಖಂಡಿತ,” ಎಂದುಬಿಟ್ಟ.

ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷೆ ಮಿಸೆಸ್ ಪ್ರೌಟ್ ಬೂಟಿನೊಳಗಿನ ಮೊಳೆಯಂಥ ಹೆಂಗಸು, ಎಲ್ಲಿದ್ದರೂ ಚುಚ್ಚುವವಳು. ಐವರ ಸಮಿತಿಯಲ್ಲಿ ಇಬ್ಬರು ಗೆರೆ ಬೇಕೆಂದರು, ಇಬ್ಬರು ಬೇಡವೆಂದರು. ಎಲ್ಲರ ಕಣ್ಣೂ ಪಿಲ್ಲಿಂಗನ ಮೇಲೆ ಬಿತ್ತು.

“ಅವನು ನಮ್ಮ ಕಡೆ!” ಮಿಸೆಸ್ ಹೆಪ್‌ವರ್ತ್ ಹಿಂದಿನ ಸಾಲಿನಿಂದ ಕೂಗಿದಳು. “ಬೆಳಿಗ್ಗೆ ತಾನೇ ಮಾತು ಕೊಟ್ಟಿದ್ದಾನೆ!”

“ಏನಜ್ಜಿ, ನಿದ್ದೆಗಣ್ಣಲ್ಲಿ ಕನಸು ಕಂಡ್ಯಾ?” ಗ್ಲೆಂಡಾ ಎದ್ದು ನಿಂತಳು. “ಮಾತು ಕೊಟ್ಟಿದ್ದು ನನಗೆ!”

ಸಭೆಯಲ್ಲಿ ಗುಲ್ಲೆದ್ದಿತು. ಮಿಸೆಸ್ ಪ್ರೌಟ್ ಕನ್ನಡಕದ ಮೇಲಿಂದ ಪಿಲ್ಲಿಂಗನನ್ನು ನೋಡಿದಳು. “ಪಿಲ್ಲಿಂಗ್ ಅವರೇ, ಮೊದಲೇ ನಿರ್ಧಾರ ಮಾಡ್ಕೊಂಡು ಬಂದವರು ಇಲ್ಲಿ ಮತ ಹಾಕೋ ಹಾಗಿಲ್ಲ. ಗೊತ್ತಲ್ವಾ?”

ಹೊರಗೆ ಹಾಕಿಬಿಡಿ ತಾಯಿ ಎಂದು ಅವನು ಮನಸ್ಸಿನಲ್ಲೇ ಕೈಮುಗಿದ. ಆದರೆ ಲೈಸೆನ್ಸ್ ಅಧಿಕಾರಿ ನೈಜೆಲ್, ನಿಯಮವೆಂದರೆ ನಿಯಮ ಎನ್ನುವ ಸಣಕಲ ಮನುಷ್ಯ, ಎದ್ದು ಗಂಟಲು ಸರಿಮಾಡಿಕೊಂಡ. “ಅಧ್ಯಕ್ಷರೇ, ಇವರು ಎರಡೂ ಕಡೆಯವರಿಗೂ ಮಾತು ಕೊಟ್ಟಿದ್ದಾರೆ. ಆದ್ದರಿಂದ ಇವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ ಅನ್ನೋದು ಸಾಬೀತಾಯ್ತು. ಮತ ಹಾಕಬಹುದು.”

ಭಯ ಬಿದ್ದಾಗಲೆಲ್ಲ ಪಿಲ್ಲಿಂಗನಿಗೆ ಶೌಚಾಲಯಕ್ಕೆ ಅವಸರವಾಗುತ್ತಿತ್ತು, ಈಗಲೂ ಆಯಿತು. ಅದರ ಬಾಗಿಲು ಗೋಡೆಯ ಮೇಲೆ ತೂಗುಹಾಕಿದ್ದ ಊರ ನಕ್ಷೆಯ ಪಕ್ಕದಲ್ಲೇ ಇತ್ತು. ಅವನು ಬೆವರುತ್ತ ಎದ್ದು, ಬೆರಳು ಚಾಚಿ, “ಅಲ್ಲಿ... ನನ್ನನ್ನ ಅಲ್ಲಿಗೆ... ಎಲ್ಲರಿಗೂ ಅದೇ ಒಳ್ಳೇದು...” ಎಂದು ತೊದಲಿದ.

ಎಲ್ಲರೂ ಬೆರಳಿನ ಜಾಡು ಹಿಡಿದು ನಕ್ಷೆಯತ್ತ ನೋಡಿದರು.

“ತೊಗಲು ಕಾರ್ಖಾನೆ!” ನೈಜೆಲ್ ಬೆರಗಾಗಿ ಉಸುರಿದ. “ಹೊಳೆಯಾಚೆಯ ಹಳೇ ತೊಗಲು ಕಾರ್ಖಾನೆ! ನೀತಿಯ ಕರಡಿನಲ್ಲಿ ಮೂರನೇ ಸಲಹೆ ಅದೇ, ತಡರಾತ್ರಿಯ ಬಾರುಗಳನ್ನೆಲ್ಲ ಅದರ ಅಕ್ಕಪಕ್ಕಕ್ಕೆ ಕಳಿಸೋದು. ಇದುವರೆಗೆ ಯಾರೂ ಓದಿರಲಿಲ್ಲ.”

“ಅಲ್ಲಿಂದ ಗಲಾಟೆ ದೂರು ಬಂದಿದೆಯಾ?” ಪ್ರೌಟ್ ಕೇಳಿದಳು.

“ಒಂದೂ ಇಲ್ಲ. ಅಲ್ಲಿ ಒಂದು ನರಪಿಳ್ಳೆಯೂ ವಾಸ ಇಲ್ಲ, ಅಧ್ಯಕ್ಷರೇ.”

ಸಭಾಂಗಣ ಒಡೆದುಹೋಗುವ ಹಾಗೆ ಚಪ್ಪಾಳೆ. ಸಂತೆಬೀದಿಗೆ ಕೆಂಪು ಗೆರೆ, ತಡರಾತ್ರಿಯ ಬಾರುಗಳಿಗೆಲ್ಲ ಹೊಳೆಯಾಚೆ ಬೆಳಗಿನ ಮೂರರವರೆಗೆ ಲೈಸೆನ್ಸ್. ಮಿಸೆಸ್ ಹೆಪ್‌ವರ್ತ್ ಗ್ಲೆಂಡಾಳನ್ನು ತಬ್ಬಿಕೊಂಡಳು. “ಮೂರರವರೆಗೆ! ಪಿಯಾನೋ ಜೊತೆ ಡೋಲೂ ತರಿಸ್ತೀನಿ!” ಎಂದು ಗ್ಲೆಂಡಾ ಕುಣಿದಳು. ಪ್ರೌಟ್ ಕೂಡ ನಕ್ಕಳು. ಆ ಮುಖ ನಗಬಲ್ಲದು ಎನ್ನುವುದು ಅಂದೇ ಊರಿಗೆ ತಿಳಿದದ್ದು. ಮಧ್ಯಾಹ್ನ ಪೂರ್ಣ ಪುರಸಭೆಯೂ ಒಪ್ಪಿ ಮುದ್ರೆ ಒತ್ತಿತು.

ಪಿಲ್ಲಿಂಗ್ ತಾನು ಕೇಳಿದ್ದು ಶೌಚಾಲಯವೆಂದು ಯಾರಿಗೂ ಹೇಳಲಿಲ್ಲ. ಜೀವಮಾನದಲ್ಲೇ ಮೊದಲ ಬಾರಿ ಎದೆಯುಬ್ಬಿಸಿ ಮನೆಗೆ ನಡೆದ.

ಹೆಂಡತಿ ಮ್ಯೂರಿಯಲ್ ಚಹಾ ಹಾಕಿ ಕಾಯುತ್ತಿದ್ದಳು. ಅವಳ ಮುಖ ದೀಪದ ಹಾಗೆ ಹೊಳೆಯುತ್ತಿತ್ತು.

“ಕತ್‌ಬರ್ಟ್, ಆಯ್ತು ಕಣೋ! ಈಗಷ್ಟೇ ವಕೀಲರ ಹತ್ರ ಸಹಿ ಹಾಕಿ ಬಂದೆ. ಈ ಮನೆ ಮಾರಿ ಆಯ್ತು, ಹೊಸದು ಕೊಂಡೂ ಆಯ್ತು.”

ಮನೆ ಅವಳ ಚಿಕ್ಕಮ್ಮನಿಂದ ಅವಳ ಹೆಸರಿಗೆ ಬಂದದ್ದು. ಮಾರುವ ಹಕ್ಕೂ ಅವಳದೇ. “ಯಾ... ಯಾವ ಹೊಸದು?” ಎಂದ ಪಿಲ್ಲಿಂಗ್.

“ಮೂರು ತಿಂಗಳಿಂದ ಹೇಳ್ತಾನೇ ಇದೀನಿ, ನೀನು ಗುಲಾಬಿಗೆ ಕತ್ತರಿ ಹಾಕ್ತಾ ‘ಆಗ್ಲಿ, ಖಂಡಿತ’ ಅಂತಾನೇ ಇದ್ದೆ! ಈ ಬೀದಿಯೋರು ಹೊತ್ತಿಲ್ಲ ಗೊತ್ತಿಲ್ಲ ಬಾಗಿಲು ಬಡಿದು ನಿನ್ನ ಪ್ರಾಣ ಹಿಂಡ್ತಾರೆ. ಅದಕ್ಕೇ ಊರ ಗೊಡವೆ ಇಲ್ಲದ ಕಡೆ ಹುಡುಕಿದೆ. ಹೊಳೆ ಆಚೆ, ಆ ತೊಗಲು ಕಾರ್ಖಾನೇನ ಮನೆಗಳಾಗಿ ಮಾಡ್ತಿದಾರಲ್ಲ, ಅಲ್ಲಿ. ಮೊದಲು ಹೋಗೋರು ನಾವೇ. ಸೂಜಿ ಬಿದ್ರೂ ಕೇಳ್ಸುತ್ತಂತೆ!”

ಪಿಲ್ಲಿಂಗ್ ಚಹಾದ ಕಪ್ಪನ್ನು ಅಲ್ಲೇ ಬಿಟ್ಟ. ಅವನು ಎದ್ದು ಫೋನು ಹಿಡಿದ. “ನೈಜೆಲ್, ಆ ನೀತೀನ ಬದಲಾಯಿಸೋಕೆ...?”

“ಐದು ವರ್ಷ ಆದ್ಮೇಲೆ ಸರ್.”

“ಅಲ್ಲಿ ಯಾರಾದ್ರೂ ವಾಸಕ್ಕೆ ಹೋದ್ರೆ?”

“ಪಾಪ, ಅವರು ದೂರು ಕೊಡಬಹುದು. ಸಮಿತಿ ಸದಸ್ಯರೇ ಹೋದ್ರೆ ಮಾತ್ರ, ಆ ಜಾಗದ ವಿಷಯ ಬಂದಾಗಲೆಲ್ಲ ಅವರು ಬಾಯಿ ಮುಚ್ಕೊಂಡು ಹೊರಗೆ ಹೋಗ್ಬೇಕು. ಯಾಕೆ ಸರ್?”

ಮ್ಯೂರಿಯಲ್ ಹತ್ತಿರ ಬಂದಳು. “ಏನೋ ಅದು? ಮುಖ ಯಾಕೋ ಸುಣ್ಣದ ಹಾಗಾಯ್ತು?”

ಅವನು ಹೇಳಿದ. ಹೊಳೆಯಾಚೆ, ಮೂರರವರೆಗೆ, ಡೋಲು. ತನ್ನ ಬೆರಳಿನ ವಿಷಯ ಒಂದನ್ನು ಮಾತ್ರ ಬಿಟ್ಟ. ಮ್ಯೂರಿಯಲ್ ಮೊದಲು ಕುರ್ಚಿಯ ಮೇಲೆ ಕುಸಿದಳು. ಆಮೇಲೆ ಎದ್ದಳು. ಎದ್ದಾಗ ಕೈಯಲ್ಲಿ ಬ್ರೆಡ್ಡು ಕತ್ತರಿಸುವ ಹಲಗೆಯಿತ್ತು.

“ಇಂಥ ಬುದ್ಧಿ ಹೇಳಿಕೊಟ್ಟ ಕತ್ತೆ ಯಾರು? ಹೆಸರು ಹೇಳು! ಈಗಲೇ ಅವನ ಮನೆಗೆ ಹೋಗ್ತೀನಿ!”

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಮಿಸೆಸ್ ಹೆಪ್‌ವರ್ತ್ ಕೈಯಲ್ಲಿ ದೊಡ್ಡ ಕೇಕು, ಅವಳ ಹಿಂದೆ ಗ್ಲೆಂಡಾ, ಗ್ಲೆಂಡಾಳ ಹಿಂದೆ ಅರ್ಧ ಸಂತೆಬೀದಿ.

“ಮ್ಯೂರಿಯಲ್!” ಮುದುಕಿ ಆನಂದದಿಂದ ಚೀರಿದಳು. “ಎಲ್ಲಮ್ಮಾ ನಿನ್ನ ಗಂಡ? ತೊಗಲು ಕಾರ್ಖಾನೆ ತೋರಿಸಿದ ಆ ಪುಣ್ಯಾತ್ಮನ ಬೆರಳಿಗೆ ಒಂದು ಮುತ್ತು ಕೊಡ್ಬೇಕು!”