ಗ್ರೀಸಿನ ಹಾಯಿದೋಣಿಗೆ ನಮ್ಮವರ ಟಿ.ಟಿ. ಲೆಕ್ಕ

ನಾನು ಯಾವುದೇ ಕೆಲಸವನ್ನು ಓದಿ, ವಿಚಾರಿಸಿ, ಅಚ್ಚುಕಟ್ಟಾಗಿ ಶುರು ಮಾಡಿದರೂ ಸರಿ, ಆ ವಿಷಯದಲ್ಲಿ ಏನೇನೂ ಗೊತ್ತಿಲ್ಲದವರೆಲ್ಲ ಸಾಲಾಗಿ ಬಂದು ನನಗೇ ಪಾಠ ಹೇಳುತ್ತಾರೆ. ಮದುವೆಯಾಗಿ ದೇವನಹಳ್ಳಿಗೆ ಬಂದ ದಿನದಿಂದ ಇದು ನಡೆದೇ ಇದೆ. ಹಿಂದೆ ಸುಮ್ಮನಿರುತ್ತಿದ್ದೆ. ಈಗ ಯಾರು ಏನಂದರು ಎಂದು ಅಂದಂದೇ ಬರೆದಿಡುತ್ತೇನೆ. ನಾಳೆ "ನಾನೆಲ್ಲಿ ಹಂಗಂದೆ?" ಎನ್ನಬಾರದು ನೋಡಿ.

ನಮ್ಮ ಮನೆತನದಲ್ಲಿ ಪ್ರವಾಸವೆಂದರೆ ಟಿ.ಟಿ. ಮಾಡಿಕೊಂಡು ಹೋಗುವುದು. ಟಿ.ಟಿ. ಅಂದರೆ ಆ ಉದ್ದನೆಯ ಟೂರಿಸ್ಟ್ ವ್ಯಾನು. ನಮ್ಮ ಮೈದುನನ ಬಳಿಯೇ ಒಂದಿದೆ. ಮುಂದಿನ ಸೀಟಿನಲ್ಲಿ ಮೈದುನ, ಕಿಟಕಿ ಪಕ್ಕದಲ್ಲಿ ಹಿರಿಯರು, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಪುಳಿಯೋಗರೆಯ ಡಬರಿ. ಬಿ.ಎಸ್ಸಿ. ಫಿಸಿಕ್ಸಿನಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನು. ಎಷ್ಟೋ ಕ್ಷೇತ್ರಗಳಿಗೆ ಹೋಗಿಬಂದಿದ್ದೇನೆ, ದಾರಿಯಲ್ಲಿ ಕಂಡದ್ದು ಡಬರಿಯ ಮುಚ್ಚಳ ಮಾತ್ರ.

ಹೋದ ವರ್ಷ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಗ್ರೀಸಿನ ಪಶ್ಚಿಮ ಕರಾವಳಿ, ನೀಲಿ ಸಮುದ್ರ, ಒಂದು ಹಾಯಿದೋಣಿ. ಅದರ ಚುಕ್ಕಾಣಿಯ ಚಕ್ರ ಹಿಡಿದು ನಿಂತಿದ್ದವಳು ನನ್ನದೇ ವಯಸ್ಸಿನ ಹೆಂಗಸು. ಕೂದಲು ಪೂರ್ತಿ ಬೆಳ್ಳಗೆ, ತೊಡೆಯ ಮೇಲೆ ಯಾವ ಪಾತ್ರೆಯೂ ಇಲ್ಲ. ಒಂದು ದ್ವೀಪದಲ್ಲಿ ರಾತ್ರಿ ತಂಗುವುದು, ಬೆಳಿಗ್ಗೆ ಹಾಯಿ ಬಿಚ್ಚಿ ಇನ್ನೊಂದು ದ್ವೀಪಕ್ಕೆ ಹೊರಡುವುದು. ನಾನು ಅಲ್ಲೇ ತೀರ್ಮಾನಿಸಿದೆ. ನಾನೂ ಹೋಗಬೇಕು, ಆ ಚಕ್ರ ಒಮ್ಮೆ ನನ್ನ ಕೈಯಲ್ಲಿರಬೇಕು. ಇದೇನು ದೊಡ್ಡ ಆಸೆಯೇ? ಮುಂದೆ ಓದಿ.

ಸಾರ್, ಮೇಡಂ ಏನ್ ಕೇಳ್ತಿದಾರೆ?

ಮೊದಲು ಊರಿನ ಟ್ರಾವೆಲ್ ಏಜೆಂಟ್ ಹತ್ತಿರ ಹೋದೆವು. ನಮ್ಮ ಮನೆಯವರು ರಿಟೈರಾದ ಸರ್ಕಾರಿ ನೌಕರರು, ಮಾತು ಕಡಿಮೆ. ನಾನೇ ಕೇಳಿದೆ, "ಜೂನ್‌ನಲ್ಲಿ ಗ್ರೀಸಿನ ಕಾರ್ಫು ದ್ವೀಪದಿಂದ ದಕ್ಷಿಣಕ್ಕೆ ಹಾಯಿದೋಣೀಲಿ ಹೋಗ್ಬೇಕು. ಪೂರ್ವದ ಕಡೆ ದ್ವೀಪಗಳು ಬೇಡ, ಬೇಸಿಗೇಲಿ ಅಲ್ಲಿ ಗಾಳಿ ಜೋರು."

ಆತ ಎಲ್ಲವನ್ನೂ ಕೇಳಿಸಿಕೊಂಡು ನಮ್ಮ ಮನೆಯವರ ಕಡೆ ತಿರುಗಿದ. "ಸಾರ್, ದುಬೈ ಮಾಡಿ. ಬೋಟಲ್ಲೇ ಊಟ, ಬೋಟಲ್ಲೇ ಡ್ಯಾನ್ಸು. ವೆಜ್ ಇರುತ್ತೆ."

"ಡ್ಯಾನ್ಸ್ ಯಾರಪ್ಪಾ ಕೇಳಿದ್ರು? ನನಗೆ ಬೇಕಾಗಿರೋದು ಹಾಯಿದೋಣಿ," ಎಂದೆ.

"ಸಾರ್, ಹಂಗಾದ್ರೆ ಅಂಡಮಾನ್ ಮಾಡಿ. ಅಲ್ಲೂ ದ್ವೀಪಾನೇ."

ಮಾತೆಲ್ಲ ನನ್ನದು, ಉತ್ತರವೆಲ್ಲ ಅವರಿಗೆ. ಕೋರ್ಟಿನಲ್ಲಿ ಲಾಯರ್ ಇಟ್ಟವರಿಗೂ ಹೀಗೆ ಅವಮಾನ ಆಗುವುದಿಲ್ಲ. ಕೊನೆಗೆ ಆತ ದನಿ ತಗ್ಗಿಸಿ, "ಸಾರ್, ಮೇಡಂಗೆ ನೀವೇ ಸ್ವಲ್ಪ ಅರ್ಥ ಮಾಡ್ಸಿ," ಎಂದ.

ನಮ್ಮ ಮನೆಯವರು ಆಗ ಬಾಯಿ ಬಿಟ್ಟರು. "ಆಗಲ್ಲಪ್ಪ. ಮೂರು ತಿಂಗಳಿಂದ ಅವಳೇ ನನಗೆ ಅರ್ಥ ಮಾಡಿಸ್ತಿದಾಳೆ. ನಾನಿನ್ನೂ ಗಾಳಿ ಹತ್ರಾನೇ ಇದೀನಿ."

ಹುಣಸೆಬೀಜ

ಏಜೆಂಟನ ಸಹವಾಸ ಬಿಟ್ಟು ನಾನೇ ಕಂಪ್ಯೂಟರ್ ಮುಂದೆ ಕೂತು ಗ್ರೀಸಿನ ಒಂದು ದೋಣಿ, ಅದರ ಕ್ಯಾಪ್ಟನ್, ಎಲ್ಲ ಗೊತ್ತುಮಾಡಿದೆ. ಸುದ್ದಿ ಮೈದುನನಿಗೆ ಮುಟ್ಟಿತು. ಬಂದವನೇ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

"ಅತ್ತಿಗೆ, ಗಾಳಿ ಹಿಂದಿಂದ ಬಂದ್ರೆ ಹಾಯಿ ತಳ್ಳುತ್ತೆ, ಒಪ್ತೀನಿ. ಎದುರಿಂದ ಬಂದ್ರೆ? ಹಿಂದಕ್ಕೆ ತಾನೆ ಹೋಗೋದು? ನಿಮಗ್ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ."

ಓರೆಯಾಗಿ, ಅಂಕುಡೊಂಕಾಗಿ, ಎದುರುಗಾಳಿಯಲ್ಲೂ ಮುಂದೆ ಹೋಗಬಹುದು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಆತ ಕಾಗದ ತಿರುಗಿಸಿ ನೋಡಿ, "ನಾನು ಇಪ್ಪತ್ತು ವರ್ಷದಿಂದ ಗಾಡಿ ಇಟ್ಟಿರೋನು ಅತ್ತಿಗೆ. ಡೀಸೆಲ್ ಇಲ್ದೆ ಯಾವ್ದೂ ಎದುರಿಗೆ ಹೋಗಲ್ಲ," ಎಂದ.

ಅಡುಗೆಮನೆಯಲ್ಲಿ ಹುಣಸೆಹಣ್ಣು ಅರ್ಧ ಬಿಡಿಸಿಟ್ಟು ಬಂದಿದ್ದೆ. ಒಂದು ಬೀಜ ತಂದೆ. "ನೋಡಪ್ಪ, ಬೀಜ ದೋಣಿ, ಈ ಬೆರಳು ಗಾಳಿ, ಈ ಬೆರಳು ನೀರು. ಎರಡೂ ಅಕ್ಕಪಕ್ಕದಿಂದ ಒತ್ತುತ್ವೆ. ಬೀಜ ಯಾವ ಕಡೆ ಹೋಗುತ್ತೆ?" ಎಂದು ಒತ್ತಿದೆ. ಬೀಜ ಚಿಮ್ಮಿ ಹೋಗಿ ಅವನ ಕನ್ನಡಕಕ್ಕೆ ಟಣ್ ಎಂದು ಬಡಿಯಿತು.

ವಿಜ್ಞಾನ ಇದಕ್ಕಿಂತ ಸ್ಪಷ್ಟವಾಗಿ ತನ್ನ ಮಾತನ್ನು ಹೇಳಲಾರದು. ಆತ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದ, "ಅತ್ತಿಗೆ, ಇದನ್ನ ತಳ್ಳಿದ್ದು ಗಾಳಿ ಅಲ್ಲ, ನಿಮ್ ಸಿಟ್ಟು."

ದೊಡ್ಡಕ್ಕನ ಅಪ್ಪಣೆ

ನಮ್ಮ ಮನೆಯವರ ಅಕ್ಕ ಜಡಿಗೇನಹಳ್ಳಿಯಲ್ಲಿದ್ದಾರೆ. ಎಲ್ಲರಿಗೂ ಅವರು ದೊಡ್ಡಕ್ಕ. ಅವರಿಗೆ ಹೇಳದೆ ಹೊಸಕೋಟೆ ಸಂತೆಗೆ ಹೋದರೂ ತಪ್ಪು, ಇನ್ನು ಗ್ರೀಸ್! ಹಣ್ಣು, ಹೂವು ತೆಗೆದುಕೊಂಡು ಹೋಗಿ ವಿಷಯ ಹೇಳಿದೆವು. ದೊಡ್ಡಕ್ಕ ಅವರೆಕಾಯಿ ಬಿಡಿಸುತ್ತಾ ಕೇಳಿದರು, "ಅಲ್ಲಿ ಯಾವ ದೇವ್ರು?"

"ದೇವರಿಗಲ್ಲ ದೊಡ್ಡಕ್ಕ. ದ್ವೀಪ ನೋಡಕ್ಕೆ."

"ದ್ವೀಪ ಅಂದ್ರೆ?"

"ಸುತ್ತ ನೀರು, ನಡುವೆ ನೆಲ."

"ನಮ್ ಕೆರೆ ಮಧ್ಯದಾಗೆ ದಿಬ್ಬ ಐತಲ್ಲ, ಅದೇ ಆಯ್ತಲ್ಲವ್ವ."

"ಅದರ ಸುತ್ತ ನೀರೇ ಇಲ್ವಲ್ಲ ದೊಡ್ಡಕ್ಕ!"

ದೊಡ್ಡಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಇಷ್ಟು ಓದಿ ಏನು ಬಂತು ಎನ್ನುವ ನೋಟ ಅದು. "ಇಲ್ದಿದ್ರೆ ಒಳ್ಳೇದೇ ಅಲ್ವೇನೆ? ದೋಣಿ ಖರ್ಚಿಲ್ಲ, ನಡ್ಕಂಡೇ ಹೋಗ್ಬೋದು."

ಬಾಡಿಗೆ ಪೂರ್ತಿ ದೋಣಿಗೆ ತಾನೆ?

ನಾನು ಮಾಡಿದ ಒಂದೇ ತಪ್ಪು ಎಂದರೆ, ದೋಣಿಯನ್ನು ಇಡಿಯಾಗಿ ವಾರಕ್ಕೆ ಬಾಡಿಗೆಗೆ ಕೊಡುತ್ತಾರೆ ಎಂದು ಬಾಯಿ ಬಿಟ್ಟು ಹೇಳಿದ್ದು. ನಮ್ಮ ಕಡೆಯವರಿಗೆ ಇಡೀ ಗಾಡಿ ಬಾಡಿಗೆಗೆ ತಂದ ಮೇಲೆ ಒಂದು ಸೀಟು ಖಾಲಿ ಹೋದರೂ ಹೊಟ್ಟೆ ಉರಿಯುತ್ತದೆ. ಯಾರನ್ನಾದರೂ ಕರೆಯದೆ ಬಿಟ್ಟರೆ ಅವರು ಮುಂದಿನ ಮದುವೆಯಲ್ಲಿ ಊಟ ಮಾಡದೆ ಹೋಗುತ್ತಾರೆ. ಹಾಗಾಗಿ ಮೈದುನ ನನ್ನನ್ನು ಒಂದು ಮಾತೂ ಕೇಳದೆ ಎಲ್ಲರಿಗೂ ಫೋನ್ ಮಾಡಿ ಕರೆದುಬಿಟ್ಟಿದ್ದ.

"ಮಲಗೋ ಜಾಗ ಎಂಟೇ ಎಂಟು ಕಣಪ್ಪ. ಅದರಲ್ಲಿ ಒಂದು ಕ್ಯಾಪ್ಟನ್‌ಗೆ," ಎಂದೆ.

"ಡ್ರೈವರ್‌ಗ್ಯಾಕೆ ಹಾಸಿಗೆ? ನಮ್ ಡ್ರೈವರ್ ಸ್ಟೇರಿಂಗ್ ಮೇಲೇ ತಲೆ ಇಟ್ಟು ಮಲಗಲ್ವಾ?"

"ಅದು ಸಮುದ್ರ!"

"ಆಯ್ತು, ಗಾಡಿ ಸೈಡಿಗೆ ಹಾಕಿ ಮಲಗ್ಲಿ ಬಿಡಿ."

ಅಡುಗೆಯವನೊಬ್ಬ ಬರಲಿ, ಗ್ಯಾಸ್ ಸಿಲಿಂಡರ್, ದೊಡ್ಡ ಒಲೆ ಇಲ್ಲಿಂದಲೇ ಹೋಗಲಿ ಎಂದು ನನ್ನ ಓರಗಿತ್ತಿ ಸೇರಿಸಿದಳು. ಮಧ್ಯೆ ಎಲ್ಲಾದರೂ ನೆರಳು ಕಂಡರೆ ನಿಲ್ಲಿಸಿ ಅಡುಗೆ ಮಾಡಬಹುದಂತೆ. ಸಮುದ್ರದಲ್ಲಿ ಯಾವ ಮರದ ನೆರಳು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಉತ್ತರ ಇರುತ್ತಿತ್ತು.

ಕೊನೆಗೆ ಮೈದುನ ದೋಣಿಯ ಫೋಟೋ ದೊಡ್ಡದು ಮಾಡಿ ನೋಡಿದ. "ಮೇಲೆ ಕ್ಯಾರಿಯರ್ ಇಲ್ವಾ ಅತ್ತಿಗೆ, ಲಗೇಜ್ ಹಾಕಕ್ಕೆ?"

"ಮೇಲೆ ಹಾಯಿ ಇದೆ."

"ಅದನ್ನ ಬಿಚ್ಚಿಸಿಬಿಡಿ. ಜಾಗ ಆಗುತ್ತೆ."

ಕೊನೆಯ ಸಭೆ

ಯಾರು ಹೋಗುವುದು ಎಂದು ತೀರ್ಮಾನಿಸಲು ಒಂದು ಭಾನುವಾರ ಎಲ್ಲರೂ ನಮ್ಮ ಮನೆಯಲ್ಲೇ ಸೇರಿದರು. ಊಟ ನನ್ನದೇ, ಹೇಳಬೇಕಾಗಿಲ್ಲ. ಊಟವಾಗಿ ಎಲೆಅಡಿಕೆ ಹಾಕಿಕೊಂಡ ಮೇಲೆ ಮೈದುನ ಬೆರಳು ಮಡಚತೊಡಗಿದ. "ದೊಡ್ಡಕ್ಕ, ಅಣ್ಣ, ನಾನು, ನನ್ ಹೆಂಡ್ತಿ, ಮಗ, ಸೊಸೆ, ನಮ್ ಮಾವ. ಏಳಾಯ್ತು. ಡ್ರೈವರ್ ಸೇರಿ ಎಂಟು. ಸರಿಹೋಯ್ತು."

ನಾನು ಕಾದೆ. ಇನ್ನೊಂದು ಹೆಸರು ಬರಲಿಲ್ಲ.

"ನಾನು?" ಎಂದೆ.

"ಅತ್ತಿಗೆ, ಮನೇಲೂ ಒಬ್ರು ಇರ್ಬೇಕಲ್ಲ. ನಿಮಗೆ ಅಲ್ಲಿಂದೆಲ್ಲಾ ಪೂರ್ತಿ ಗೊತ್ತು, ನೋಡೋದೇನಿದೆ? ನೀವು ಇಲ್ಲೇ ಆರಾಮಾಗಿ ಕೂತ್ಕೊಂಡು ಫೋನಲ್ಲಿ ದಾರಿ ಹೇಳ್ತಾ ಇರಿ."

ನನ್ನ ಪ್ರವಾಸದಲ್ಲಿ, ನಾನು ಹುಡುಕಿದ ದೋಣಿಯಲ್ಲಿ, ನನಗೆ ಚಕ್ರದ ಮೇಲಿನ ಸೀಟೂ ಇಲ್ಲ! ಎದ್ದು ಗ್ರೀಸಿನ ಕ್ಯಾಪ್ಟನ್‌ಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಮೈದುನನ ಕೈಗೆ ಕೊಟ್ಟೆ. "ತಗೋ. ಇನ್ಮೇಲೆ ನೀನೇ ಮಾತಾಡು."

ತೆರೆಯ ಮೇಲೆ ಬಿಸಿಲಿಗೆ ಕೆಂಪಾದ ಮುಖದ ಒಬ್ಬ ಹುಡುಗಿ ಕಾಣಿಸಿದಳು. ಭುಜದ ಮೇಲೆ ಹಗ್ಗದ ಸುರುಳಿ. ಮೈದುನ ಇಂಗ್ಲಿಷಿನಲ್ಲಿ, "ಹಲೋ ಮೇಡಂ, ಕ್ಯಾಪ್ಟನ್ ಸಾರ್‌ಗೆ ಕೊಡಿ," ಎಂದ.

"ನಾನೇ ಕ್ಯಾಪ್ಟನ್," ಎಂದಳು ಆಕೆ.

ಆತ ನನ್ನ ಕಡೆ ತಿರುಗಿ ಪಿಸುಗುಟ್ಟಿದ, "ಅತ್ತಿಗೆ, ಮನೇಲಿ ಗಂಡಸರು ಯಾರೂ ಇಲ್ವಂತಾ?"

ಆಕೆ ನಗುನಗುತ್ತಾ, ಬರುವವರು ಯಾರು ಯಾವ ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಹಗ್ಗ ಎಳೆಯಬೇಕು. ಸರದಿಯ ಮೇಲೆ ಅಡುಗೆ ಮಾಡಿ ಪಾತ್ರೆ ತೊಳೆಯಬೇಕು. ಸಂಜೆ ದೋಣಿ ಉಜ್ಜಬೇಕು. ಕಕ್ಕಸಿಗೆ ಹೋದವರು ತಾವೇ ಕೈಪಂಪು ಹೊಡೆದು ನೀರು ಬಿಡಬೇಕು. ನಾನು ಒಂದನ್ನೂ ಬಿಡದೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದೆ. ಪಂಪಿನ ವಿಷಯವನ್ನು ಎರಡು ಸಲ ಹೇಳಿದೆ.

ಮೈದುನ ಫೋನು ಕೆಳಗಿಳಿಸಿ, "ಅತ್ತಿಗೆ, ಇದಕ್ಕೆ ದುಡ್ಡು ನಾವು ಕೊಡೋದಾ, ಅವರು ನಮಗೆ ಕೊಡೋದಾ?" ಎಂದ.

ಆಮೇಲೆ ನೋಡಬೇಕಿತ್ತು. ಮೈದುನನಿಗೆ ದ್ರಾಕ್ಷಿ ತೋಟದ ಕೆಲಸ ನೆನಪಾಯಿತು. ಓರಗಿತ್ತಿಗೆ ಮಂಡಿ ಹಿಡಿದುಕೊಂಡಿತು. ಅವರ ಮಗನಿಗೆ ರಜ ಇಲ್ಲವಂತೆ, ಮಗನಿಲ್ಲದೆ ಸೊಸೆ ಹೇಗೆ ಬಂದಾಳು? ಸಭೆಗೆ ಬಾರದಿದ್ದ ಮೈದುನನ ಮಾವನವರಿಗೆ ಬಿ.ಪಿ. ಇರುವುದನ್ನು ಅವರ ಪರವಾಗಿ ಇಲ್ಲಿಯೇ ಕಂಡುಹಿಡಿದರು.

ಉಳಿದವರು ದೊಡ್ಡಕ್ಕ. "ನಾನ್ ಬತ್ತೀನಿ," ಎಂದರು. "ಬೋರ್‌ವೆಲ್ ಹೊಡ್ದು ಹೊಡ್ದು ಸಾಕಿದೀನಿ ಇವ್ರನ್ನೆಲ್ಲ, ಕಕ್ಕಸಿನ ಪಂಪಿಗೆ ಹೆದರ್ತೀನಾ? ನಂಗೆ ಕಿಟ್ಕಿ ಪಕ್ಕ ಕೊಡಿ, ಅಷ್ಟೇ."

ನಾನು ಫೋನು ಕಸಿದುಕೊಂಡು, "ನಾನು ಬರ್ತಿದೀನಿ. ನನಗೆ ಚಕ್ರ ಬೇಕು," ಎಂದು ಕ್ಯಾಪ್ಟನ್‌ಗೆ ನೇರವಾಗಿ ಹೇಳಿದೆ. ಮಧ್ಯಾಹ್ನ ಅಲ್ಲಿ ಯಾವ ಕಡೆಯಿಂದ ಗಾಳಿ ಬರುತ್ತದೆ ಎಂದು ಆಕೆ ಕೇಳಿದಳು. ವಾಯವ್ಯದಿಂದ ಎಂದೆ. ಹಾಯಿಯ ಬಗ್ಗೆ ಇನ್ನೂ ಏನೇನೋ ಕೇಳಿದಳು, ಎಲ್ಲದಕ್ಕೂ ಉತ್ತರ ಕೊಟ್ಟೆ. "ಚೆನ್ನಾಗಿ ಓದಿದ್ದೀರಿ. ಮೊದಲ ದಿನ ನನ್ನ ಪಕ್ಕ ನಿಂತು ನೋಡಿ. ಸರಿ ಕಂಡರೆ ಮಾರನೆಯ ದಿನದಿಂದ ಬಯಲು ಸಮುದ್ರದಲ್ಲಿ ಚಕ್ರ ನಿಮ್ಮದೇ," ಎಂದಳು. ಮೈದುನನ ಮುಖವನ್ನು ನಾನು ನೋಡಲಿಲ್ಲ. ಆದರೂ ಚೆನ್ನಾಗಿ ಕಾಣಿಸಿತು.

ಆಮೇಲೆ ಆಕೆ ಸ್ವಲ್ಪ ಗಂಭೀರವಾದಳು. ಅಲ್ಲಿನ ಬಂದರುಗಳಲ್ಲಿ ಸಂಜೆ ದೋಣಿಯನ್ನು ರಿವರ್ಸ್ ಮಾಡಿ ಕಟ್ಟೆಗೆ ತಂದು ನಿಲ್ಲಿಸಬೇಕಂತೆ. ಎರಡೂ ಪಕ್ಕ ಬೇರೆ ದೋಣಿಗಳು. ಒಬ್ಬರು ಹಿಂದೆ ನಿಂತು ಕಟ್ಟೆ ಎಷ್ಟು ದೂರವಿದೆ ಎಂದು ಕೂಗಿ ಹೇಳುತ್ತಿರಬೇಕು. "ಜನ ಎಡವುವುದೇ ಅಲ್ಲಿ. ಆ ಕೆಲಸಕ್ಕೆ ನಂಬಿಕಸ್ಥರು ಬೇಕು," ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ, ಅಷ್ಟು ಹೊತ್ತೂ ಎಲೆಅಡಿಕೆ ಜಗಿಯುತ್ತಾ ಕೂತಿದ್ದ ನಮ್ಮ ಮನೆಯವರು ಎದ್ದು ನಿಂತರು. ನಮ್ಮ ರಸ್ತೆಯಲ್ಲಿ ಯಾರ ಕಾರು ಹಿಂದಕ್ಕೆ ಬಂದರೂ, ಯಾರೂ ಕರೆಯದಿದ್ದರೂ, ಪೇಪರ್ ಬಿಟ್ಟು ಓಡಿಹೋಗಿ ಹಿಂದೆ ನಿಲ್ಲುವವರು ಇವರೇ. ಪಂಚೆ ಮೇಲೆ ಕಟ್ಟಿ, ಫೋನಿಗೆ ಕಾಣುವಂತೆ ಗೋಡೆಗೆ ಬೆನ್ನು ಕೊಟ್ಟು, ಒಂದು ಕೈ ಬೀಸುತ್ತಾ, ಇನ್ನೊಂದು ಕೈಯಿಂದ ಬೀರುವಿನ ಬಾಗಿಲನ್ನು ದಬದಬ ಬಡಿಯುತ್ತಾ ಶುರು ಮಾಡಿದರು.

"ಬರ್ಲಿ... ಬರ್ಲಿ... ಬರ್ಲಿ... ಲೆಫ್ಟ್ ಕಟ್ ಮಾಡಿ... ಇನ್ನೂ ಬರ್ಲಿ... ನಿಧಾನ... ಬರ್ಲಿ... ಸಾಕ್ ಸಾಕ್ ಸಾಕ್ ಸಾಕ್!"

ಕನ್ನಡದ ಒಂದಕ್ಷರ ಗೊತ್ತಿಲ್ಲದ ಆ ಹುಡುಗಿ, ಗ್ರೀಸಿನಲ್ಲಿ ನಿಂತವಳು, ಕೊನೆಯ "ಸಾಕ್"ಗೆ ತನಗೆ ಅರಿವಿಲ್ಲದೆಯೇ ಬ್ರೇಕ್ ಒತ್ತುವವಳ ಹಾಗೆ ಗಕ್ಕನೆ ಹಿಂದಕ್ಕೆ ವಾಲಿದಳು. ಆಮೇಲೆ ಚಪ್ಪಾಳೆ ತಟ್ಟಿ, "ಇವರನ್ನು ಮಾತ್ರ ಬಿಟ್ಟು ಬರಬೇಡಿ. ಕೆಲಸ ಇವರದೇ, ಇವತ್ತೇ ಕೊಟ್ಟೆ!" ಎಂದಳು.

ಗಾಳಿ ಓದಿದವಳು ನಾನು. ಹಾಯಿ ಓದಿದವಳು ನಾನು. ನನಗೆ ಮೊದಲ ದಿನ ಪಕ್ಕದಲ್ಲಿ ನಿಂತು ನೋಡುವ ಭಾಗ್ಯ, ಇವರಿಗೆ ಫೋನಿನಲ್ಲೇ ನೇಮಕಾತಿ!

ಕಾಲ್ ಮುಗಿಯಿತು. ನಮ್ಮ ಮನೆಯವರು ಪಂಚೆ ಇಳಿಸಿ, ಕುರ್ಚಿಯಲ್ಲಿ ಕೂತು, ಬಹಳ ಅನುಕಂಪದಿಂದ ನನ್ನ ಕಡೆ ನೋಡಿದರು.

"ನಂದೇನೋ ಪರ್ಮನೆಂಟ್ ಆಯ್ತು ಕಣೇ. ನೀನಿನ್ನೂ ಪ್ರೊಬೇಷನ್ ಅಲ್ವಾ?"