ಸಿಟ್ಟಿನ ಅಳತೆಯ ಸೀಟು

ನವೆಂಬರ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಮಂಜು ಕವಿದಿತ್ತು, ಬಿಸಿಲೇರಿದ ಮೇಲೆ ಹರಿಯಿತು. ಮಧ್ಯಾಹ್ನ ಮೋಡವೊಂದು ಬಂದು ಮನೆಯ ನೆತ್ತಿಯ ಮೇಲೆ ನಿಂತು, ಸುರಿಯಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಏನೂ ನಿರ್ಧರಿಸದೆ ಹೊರಟುಹೋಯಿತು. ಮನೆಯೊಳಗಿದ್ದ ಟೀಚರಮ್ಮನವರಲ್ಲಿ ಇಂಥ ಅನಿಶ್ಚಯವಿರಲಿಲ್ಲ.

"ನೋಡ್ರೀ, ಜೀಪಿನ ಇಂಜಿನ್ ಆಯ್ತು, ಬಣ್ಣ ಆಯ್ತು, ಹೆಡ್‌ಲೈಟೂ ಆಯ್ತು. ಕೂರೋದೆಲ್ಲಿ?" ಎಂದರು.

ಸೀಟು ಇದೆಯಲ್ಲ ಎಂದು ಅವರ ಪತಿ ವಿನಯದಿಂದ ನಿವೇದಿಸಿಕೊಂಡರು.

"ಅದು ಸೀಟಲ್ಲ. ಇಲಿಗಳ ಹೆರಿಗೆ ಆಸ್ಪತ್ರೆ."

ಪತಿ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವರು. ಕಚೇರಿಯಲ್ಲೂ ಬೀದಿಯಲ್ಲೂ ಅವರಿಗೆ ನಕ್ಷೆಯವರು ಎಂದೇ ಹೆಸರು. ನಕ್ಷೆಯಿಲ್ಲದೆ ಅವರು ಯಾವ ಕಾರ್ಯಕ್ಕೂ ಕೈ ಹಾಕಿದವರಲ್ಲ. ಗೋಡೆಗೆ ಮೊಳೆ ಬೇಕಾದರೆ ಮೊದಲು ಗೋಡೆಯ ನಕ್ಷೆ, ಆಮೇಲೆ ಮೊಳೆಯ ನಕ್ಷೆ (ಮೊಳೆ ಹೊಡೆಯುವುದು ಟೀಚರಮ್ಮ). ಇಪ್ಪತ್ತೈದು ವರ್ಷ ಅವರು ಬರೆದದ್ದೆಲ್ಲ ನೆಲದಡಿಯ ಕೊಳವೆಗಳ ನಕ್ಷೆ. ಅವು ಒಡೆದಾಗಲಷ್ಟೇ ಜನರ ಕಣ್ಣಿಗೆ ಬೀಳುತ್ತಿದ್ದವು, ಆಗ ಜನ ಆಡುತ್ತಿದ್ದ ಮಾತು ಬರೆಯುವಂಥದ್ದಲ್ಲ. ಹಾಗಾಗಿ ನೆಲದ ಮೇಲೆ, ನಾಲ್ಕು ಜನರ ಕಣ್ಣೆದುರು, ತಮ್ಮದೆಂದು ಏನಾದರೊಂದು ಓಡಾಡಬೇಕೆಂಬ ಆಸೆ ಅವರಲ್ಲಿ ಹುಟ್ಟಿದ್ದು ಸಹಜವೇ. ಆ ಆಸೆಯ ಫಲ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಜೀಪು. ಒಂದು ಕಾಲದಲ್ಲಿ ಕಾಡು, ಹಳ್ಳ, ಕಲ್ಲುಬಂಡೆಗಳನ್ನೆಲ್ಲ ಹತ್ತಿಳಿದ ಗಾಡಿ. ಈಗ ಒಂದು ಹೊಸ್ತಿಲು ದಾಟುವುದೂ ಟೀಚರಮ್ಮನವರ ಅನುಮತಿಗೆ ಒಳಪಟ್ಟಿತ್ತು.

ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಅರ್ಧ ಅಂಕ ಹೆಚ್ಚಿಗೆ ಕೊಟ್ಟವರಲ್ಲ, ಅರ್ಧ ಅಂಕ ಕಸಿದವರೂ ಅಲ್ಲ. ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತು ಅವರ ಬೆನ್ನು ಸೂಕ್ಷ್ಮವಾಗಿತ್ತು. ಬಸ್ಸಿನಲ್ಲಿ ಎರಡು ಗಂಟೆ ಕುಳಿತರೆ ಎರಡು ದಿನ ಮಲಗಬೇಕು. ಅವರ ತಮ್ಮ ಬೆಟ್ಟದಾಚೆಯ ಊರಿನಲ್ಲಿ ಮನೆ ಕೊಂಡು, ಬರುವ ತಿಂಗಳು ಊಟಕ್ಕೆ ಕರೆದಿದ್ದ. ಅದನ್ನೇ ಪರೀಕ್ಷೆಯ ದಿನವೆಂದು ಗೊತ್ತುಮಾಡಿ ಅವರು ತೀರ್ಪಿನ ನಿಯಮವನ್ನು ಹೇಳಿದರು:

"ತಮ್ಮನ ಮನೆ ತನಕ ಜೀಪಲ್ಲೇ ಬರ್ತೀನಿ. ಇಳಿದಾಗ ಬೆನ್ನು ನೋಯದಿದ್ರೆ ಜೀಪು ಇರಲಿ. ನೋಯ್ತು ಅಂದ್ರೆ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ."

ಗುಜರಿಯವನು ಈಗಾಗಲೇ ಎರಡು ಸಲ ಬಂದು, ಜೀಪನ್ನು ಕಸಾಯಿಯವನು ಕುರಿಯನ್ನು ನೋಡುವಂತೆ ನೋಡಿ ಹೋಗಿದ್ದ.

ನಕ್ಷೆಯವರು ಅಂದು ಸಂಜೆಯೇ ಜೀಪಿನ ಒಡಲಿಗೆ ಇಳಿದರು. ಇಲಿಗಳ ಸಂಸಾರವನ್ನು ಗೌರವದಿಂದ ಹಿತ್ತಲಿಗೆ ಸಾಗಿಸಿದರು. ತುಕ್ಕು ತಿಂದ ನೆಲವನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸುಗೆ ಹಾಕಿಸಿದರು. ಅದರ ಮೇಲೆ ರಬ್ಬರಿನ ಹಾಸು. ಡ್ಯಾಶ್‌ಬೋರ್ಡಿಗೆ ಮರದ ಹೊದಿಕೆ, ಅದಕ್ಕೆ ಮೂರು ಕೈ ಪಾಲಿಶ್. ಟೀಚರಮ್ಮನವರ ಕನ್ನಡಕಕ್ಕೊಂದು ಜೇಬು, ಕೈಚೀಲಕ್ಕೊಂದು ಕೊಕ್ಕೆ, ಫ್ಲಾಸ್ಕು ಅಲುಗಾಡದಂತೆ ಒಂದು ಗೂಡು. ಈ ಮೂರನ್ನೂ ಕಂಪನಿಯವರು ಯೋಚಿಸಿರಲಿಲ್ಲ. ಅವರಿಗೆ ಟೀಚರಮ್ಮನವರ ಪರಿಚಯವಿರಲಿಲ್ಲ.

ಸೀಟಿನ ಚೌಕಟ್ಟಿಗೆ ಗಟ್ಟಿ ಮರ ಬೇಕಾಗಿತ್ತು. ಅದೂ ಹುಡುಕುವ ಮೊದಲೇ ಸಿಕ್ಕಿತು. ಶೆಡ್ಡಿನಲ್ಲೇ, ಜೀಪಿನ ಹಿಂದೆ, ಗೋಣಿ ಸುತ್ತಿ ಗೋಡೆಗೊರಗಿಸಿದ ಎರಡು ಉದ್ದನೆಯ ಪಟ್ಟಿಗಳು, ಜೊತೆಗೆ ಗಿಡ್ಡ ಕೋಲುಗಳ ಒಂದು ಕಟ್ಟು. ಚೆನ್ನಾಗಿ ಒಣಗಿ ಹದವಾದ ಮರ. ಪಟ್ಟಿಗಳಲ್ಲಿ ಸಮಸಮ ಅಂತರಕ್ಕೆ ತೂತುಗಳು ಬೇರೆ. ಸೀಟಿನ ಪಟ್ಟೆಗಳನ್ನು ಬಿಗಿಯಲೆಂದೇ ಯಾವನೋ ಪುಣ್ಯಾತ್ಮ ಮುಂದಾಲೋಚಿಸಿ ಕೊರೆದಂತಿದ್ದವು. ನಕ್ಷೆಯವರು ಆ ಅಜ್ಞಾತ ಬಡಗಿಗೆ ಮನಸ್ಸಿನಲ್ಲೇ ನಮಿಸಿ, ಗರಗಸ ಹಿಡಿದರು.

ಉಳಿದದ್ದು ಒಂದೇ, ಅಳತೆ. ಸೀಟೆಂದರೆ ಅಂಗಿಯ ಹಾಗೆ, ಕೂರುವವರ ಮೈಗೆ ಹೊಂದಬೇಕು, ಊರಿಗೆಲ್ಲ ಒಂದೇ ಅಳತೆ ಮಾಡಿದ್ದರಿಂದಲೇ ಊರಿಗೆಲ್ಲ ಬೆನ್ನುನೋವು ಎಂಬುದು ಅವರ ಸಿದ್ಧಾಂತ. ಟೇಪು ಹಿಡಿದು ಪತ್ನಿಯ ಹಿಂದೆ ನಿಂತರು.

"ಪರದೆ ಹಾಕೋಕೆ ನಾನೇನು ಕಿಟಕಿನಾ?" ಎಂದರು ಟೀಚರಮ್ಮ. ಅಲ್ಲಿಗೆ ಟೇಪಿನ ಅಧ್ಯಾಯ ಮುಗಿಯಿತು.

ಇನ್ನು ದೂರದಿಂದ ನೋಡಿ ಬರೆದುಕೊಳ್ಳಬೇಕು. ಅದಕ್ಕೆ ಅನುಕೂಲವೂ ಇತ್ತು: ಅಡುಗೆಮನೆಯಲ್ಲಿ ಅವರ ಕುರ್ಚಿಯ ಮಗ್ಗುಲಿನ ಗೋಡೆಗೆ ಚೌಕಚೌಕ ಟೈಲ್ಸ್ ಇದ್ದವು. ಗ್ರಾಫ್ ಹಾಳೆಯನ್ನೇ ಗೋಡೆಗೆ ಅಂಟಿಸಿದಂತೆ. ಆದರೆ ಟೀಚರಮ್ಮ ಒಂದು ಕಡೆ ಕೂತರೆ ತಾನೆ! ಒಲೆಯ ಮೇಲೇನೋ ಉಕ್ಕುತ್ತದೆ, ಫೋನು ಬಡಿದುಕೊಳ್ಳುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಮೂರು ಸಂಜೆಯ ಸಾಧನೆ, ಕಾಗದದ ಮೇಲೆ ಒಂದು ಮೊಣಕೈ.

ಆಗ ನಕ್ಷೆಯವರಿಗೆ ಹೊಳೆಯಿತು. ಪತ್ನಿ ಅಲುಗಾಡದೆ ಕೂರುವ ಸಂದರ್ಭ ಒಂದಿದೆ. ಸಿಟ್ಟು ಬಂದಾಗ ಟೀಚರಮ್ಮ ಕೂಗುವವರಲ್ಲ, ಪಾತ್ರೆ ಕುಕ್ಕುವವರೂ ಅಲ್ಲ. ಅಡಿಕೋಲಿನಂತೆ ನೆಟ್ಟಗಾಗಿ, ಕೈಕಟ್ಟಿ, ಪರೀಕ್ಷೆಯ ಕೋಣೆಯ ಮೇಲ್ವಿಚಾರಕರಂತೆ ಎದುರಿಗಿದ್ದವರನ್ನು ನೋಡುತ್ತ ಕೂರುತ್ತಾರೆ. ಎದುರಿಗಿದ್ದವರು ತಾವಾಗಿಯೇ ಬರೆದುಕೊಂಡು ಬಂದ ಚೀಟಿಯನ್ನು ಒಪ್ಪಿಸುವ ತನಕ.

ಸಿಟ್ಟಿಗೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ನಾಲ್ಕು ವರ್ಷದ ಹಿಂದೆ ಭಾವಮೈದುನ ಬಣ್ಣ ಬಳಿಯಲೆಂದು ಇವರ ಮನೆಯ ಏಣಿ ಒಯ್ದಿದ್ದ. ಅದು ಈ ದಾಂಪತ್ಯದಲ್ಲಿ ಬಹುಕಾಲದಿಂದ ಬಾಕಿಯಿದ್ದ ವ್ಯಾಜ್ಯ.

"ನಿನ್ನ ತಮ್ಮ ತಗೊಂಡು ಹೋದ ಏಣಿ ಇನ್ನೂ ಬರಲಿಲ್ಲ ನೋಡು," ಎಂದರು ನಕ್ಷೆಯವರು, ಪೆನ್ಸಿಲು ಚೂಪು ಮಾಡುತ್ತ.

ಟೀಚರಮ್ಮ ಚಹಾದ ಲೋಟ ಕೆಳಗಿಟ್ಟು ನೆಟ್ಟಗಾದರು. ಒಲೆಯ ಮೇಲೆ ಹಾಲುಕ್ಕಿತು, ಏಳಲಿಲ್ಲ. ಫೋನು ಬಡಿದುಕೊಂಡಿತು, ಏಳಲಿಲ್ಲ. ನಕ್ಷೆಯವರು ಇನ್ನೊಂದು ಮಗ್ಗುಲಲ್ಲಿ ತಲೆ ತಗ್ಗಿಸಿ, ಪಶ್ಚಾತ್ತಾಪ ಪಡುತ್ತಿರುವವರಂತೆ ಕಾಣಿಸುತ್ತ, ಟೈಲ್ಸ್ ಎಣಿಸಿ ಎಣಿಸಿ ಬೆನ್ನಿನ ರೇಖೆಯನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದುಕೊಂಡರು. ಪಕ್ಕದ ಬೀರುವಿನ ಕನ್ನಡಿಯಲ್ಲಿ ತಮ್ಮ ಬೆನ್ನೂ ಕಾಣುತ್ತಿದ್ದುದರಿಂದ, ಡ್ರೈವರ್ ಸೀಟಿಗೆ ಅದನ್ನೂ ಬರೆದುಕೊಂಡರು. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ.

ಕುಷನ್ ಹೊಲಿಯುವ ಮೇಸ್ತ್ರಿ ನಕ್ಷೆಗಳನ್ನು ಅತ್ತಿತ್ತ ತಿರುಗಿಸಿ ನೋಡಿದ. ಊರಿನ ಹಲ್ಲಿನ ಡಾಕ್ಟರರ ಕುರ್ಚಿಯನ್ನು ಹೊಲಿದವನು ತಾನೇ ಎಂಬ ಹೆಮ್ಮೆ ಅವನಿಗೆ. ಯಾವ ಗಾಡಿ ತಂದರೂ ಅದೇ ಕೆಂಪು ರೆಕ್ಸಿನ್, ಅದೇ ಹೂವಿನ ಅಂಚು.

"ಸಾರ್, ಈ ಅಮ್ಮ ಒರಗೋದೇ ಇಲ್ವಾ?"

ಬರೆದ ಹಾಗೆ ಹೊಲಿ, ಒಂದು ನೂಲು ಆಚೀಚೆ ಆಗಬಾರದು ಎಂದು ನಕ್ಷೆಯವರು ಕಟ್ಟಪ್ಪಣೆ ಮಾಡಿದರು. ಕೆಂಪೂ ಬೇಡ, ಹೂವೂ ಬೇಡ. ಮೇಸ್ತ್ರಿ ನಿಟ್ಟುಸಿರಿಟ್ಟು ಕಂದು ರೆಕ್ಸಿನ್ ಬಿಚ್ಚಿದ.

ಊಟದ ದಿನ ಬಂತು. ಟೀಚರಮ್ಮ ಜೀಪಿನೊಳಗೆ ಕಾಲಿಟ್ಟು, ಪಾಲಿಶ್ ಮಾಡಿದ ಮರವನ್ನು ಸವರಿ, ಕೊಕ್ಕೆಗೆ ಚೀಲ ತೂಗುಹಾಕಿ, ಜೇಬಿನಲ್ಲಿ ಕನ್ನಡಕವಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು, "ಚೆನ್ನಾಗಿದೆ ರೀ," ಎಂದರು. ಮದುವೆಯಾದ ಮೇಲೆ ನಕ್ಷೆಯವರು ಈ ಮಾತು ಕೇಳಿದ್ದು ಅಪರೂಪ. ಅವರು ಜೀಪು ಹೊರಡಿಸಿದರು. ಟೀಚರಮ್ಮ ಸಂತೋಷದಿಂದ ಹಿಂದಕ್ಕೊರಗಿದರು.

ಸೀಟು ಅವರನ್ನು ಮುಂದಕ್ಕೆ ನೂಕಿತು.

ಊರಂಚಿನ ಟೈರಂಗಡಿ ದಾಟುವಾಗ ಅವರ ಕೈ ಸೊಂಟಕ್ಕೆ ಹೋಯಿತು. ಸೇತುವೆಯ ಹತ್ತಿರ ನಿಟ್ಟುಸಿರು ಬಂತು. ಬೆಟ್ಟದ ಬುಡದಲ್ಲಿ, "ಸ್ವಲ್ಪ ನಿಲ್ಸಿ," ಎಂದರು. ಇಳಿದು ನಾಲ್ಕು ಹೆಜ್ಜೆ ನಡೆದು ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಪಾಪ, ಇಷ್ಟೆಲ್ಲ ಮಾಡಿದ್ದಾರೆ, ಆದರೆ ಅಂಕ ಕೊಡಲಾಗುತ್ತಿಲ್ಲವಲ್ಲ ಎಂಬ ಕನಿಕರ. ನಕ್ಷೆಯವರಿಗೆ ಗುಜರಿಯವನ ತಕ್ಕಡಿ ಕಣ್ಣಿಗೆ ಕಟ್ಟಿತು. ಓರೆಗಣ್ಣಿನಿಂದ ಪತ್ನಿಯ ಬೆನ್ನು ನೋಡಿದರು. ಬೆನ್ನಿನ ರೇಖೆಗೂ ಸೀಟಿನ ರೇಖೆಗೂ ಎಲ್ಲಿಯೂ ಭೇಟಿಯಿಲ್ಲ. ಮಿಂಚು ಹೊಡೆದಂತೆ ಅರ್ಥವಾಯಿತು. ಅವರು ಬರೆದದ್ದು ಸಿಟ್ಟಿನ ಬೆನ್ನು. ಕುಳಿತದ್ದು ಸಂತೋಷದ ಬೆನ್ನು.

ಮೊದಲ ತಿರುವಿನಲ್ಲಿ ಅವರು ಆತ್ಮಸಾಕ್ಷಿಯೊಂದಿಗೆ ಹೋರಾಡಿದರು. ಎರಡನೆಯ ತಿರುವಿನಲ್ಲಿ ಬಾಯಿ ಬಿಟ್ಟರು.

"ಇವತ್ತಾದರೂ ನಿನ್ನ ತಮ್ಮ ಆ ಏಣಿ ಕೊಡ್ತಾನೋ ಇಲ್ವೋ."

ಟೀಚರಮ್ಮ ನೆಟ್ಟಗಾದರು. ಬೀಗದೊಳಗೆ ಬೀಗದಕೈ ಕೂತಂತೆ ಬೆನ್ನು ಸೀಟಿನೊಳಗೆ ಕೂತಿತು. ಸೊಂಟದ ಮೇಲಿದ್ದ ಕೈ ತಾನಾಗಿ ಇಳಿದು ಇನ್ನೊಂದು ಕೈಯೊಡನೆ ಕಟ್ಟಿಕೊಂಡಿತು.

ಆದರೆ ಬೆಟ್ಟದ ಗಾಳಿ ತಂಪು, ನೋಟ ಸುಂದರ. ಸಿಟ್ಟು ನಿಲ್ಲುವ ಜಾಗವಲ್ಲ. ಎರಡು ತಿರುವಿಗೊಮ್ಮೆ ಟೀಚರಮ್ಮನವರ ಮುಖ ಸಡಿಲವಾಗುತ್ತಿತ್ತು, ಬೆನ್ನು ಒರಗಲು ಹವಣಿಸುತ್ತಿತ್ತು, ನಕ್ಷೆಯವರು ಒಲೆಗೆ ಸೌದೆಯೊಟ್ಟಬೇಕಾಗುತ್ತಿತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ಪತ್ನಿ ಮಾಡಿದ ಭಾಷಣ ಸ್ವಲ್ಪ ಉದ್ದವಾಗಿತ್ತೆಂದರು. ನಡುಮನೆಯ ಪರದೆಯ ಬಣ್ಣ ತಮಗೆ ಮೊದಲಿನಿಂದಲೂ ಹಿಡಿಸಿಲ್ಲವೆಂದರು. ಹೀಗೆ ಕಾಲು ಶತಮಾನ ಜತನದಿಂದ ಕಾಪಾಡಿಕೊಂಡು ಬಂದಿದ್ದ ಮೌನಗಳನ್ನೆಲ್ಲ ಆ ಘಾಟಿಯಲ್ಲಿ ಒಂದೊಂದಾಗಿ ಚೆಲ್ಲಿದರು. ಇಳಿಜಾರು ಬರುವ ಹೊತ್ತಿಗೆ ಸರಕು ಮುಗಿದಿತ್ತು. ಮತ್ತೆ ಏಣಿಗೇ ಬಂದು, ಗಾಬರಿಯಲ್ಲಿ, "ನಮ್ಮ ಕಡೆ ಇಂಥವರಿಗೆ ಕಳ್ಳ ಅಂತಾರೆ," ಎಂದುಬಿಟ್ಟರು.



"ಆಯ್ತು," ಎಂದರು ಟೀಚರಮ್ಮ. "ಇವತ್ತು ಅವನ ಎದುರಿಗೇ ಇತ್ಯರ್ಥ ಆಗಲಿ. ಅವನು ಕೊಟ್ಟಿಲ್ಲ ಅಂದ್ರೆ ನಿಂತು ಕೊಡಿಸ್ತೀನಿ. ಕೊಟ್ಟಿದ್ದಾನೆ ಅಂತಾದ್ರೆ..."

ವಾಕ್ಯ ಮುಗಿಯಲಿಲ್ಲ. ಉಳಿದ ದಾರಿಯುದ್ದಕ್ಕೂ ಅವರ ಬೆನ್ನು ಸುಖದ ಪರಮಾವಧಿಯಲ್ಲಿತ್ತು.

ಭಾವಮೈದುನ ಗೇಟಿನಲ್ಲೇ ಕಾಯುತ್ತಿದ್ದ. ಟೀಚರಮ್ಮ ಇಳಿದು, ನಿಂತು, ಬಗ್ಗಿ, ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. ಸಿಟ್ಟು ಎಷ್ಟಿದ್ದರೂ ಅಂಕದ ವಿಷಯದಲ್ಲಿ ಅವರು ಅನ್ಯಾಯ ಮಾಡುವವರಲ್ಲ.

"ಒಂಚೂರೂ ನೋವಿಲ್ಲ. ಜೀಪು ಇರಲಿ," ಎಂದರು. ನಕ್ಷೆಯವರು ಗೆದ್ದರು. ಗೆಲುವು ಗೇಟಿನಿಂದ ಜಗಲಿಯ ತನಕ ಬಾಳಿತು.

ಜಗಲಿಯ ಮೇಲೆ ಟೀಚರಮ್ಮ ತಮ್ಮನನ್ನು ನಿಲ್ಲಿಸಿಕೊಂಡು ಏಣಿಯ ವಿಷಯ ಕೇಳಿದರು.

"ಏಣಿನಾ? ಮರುತಿಂಗಳೇ ತಂದಿಟ್ಟೆನಲ್ಲ ಅಕ್ಕಾ," ಎಂದ ಅವನು. "ಮೆಟ್ಟಿಲೆಲ್ಲ ಸಡಿಲ ಆಗಿತ್ತು. ಬಿಚ್ಚಿ, ಕಟ್ಟು ಕಟ್ಟಿ, ಗೋಣಿ ಸುತ್ತಿ ಶೆಡ್ಡಲ್ಲಿ ಜೀಪಿನ ಹಿಂದೆ ಒರಗಿಸಿದ್ದೆ. ನೀನು ಶಾಲೆಗೆ ಹೋಗಿದ್ದೆ. ಭಾವನಿಗೆ ಹೇಳಿದೆ, ನಕ್ಷೆ ಬರೀತಾ ಇದ್ರು. 'ಹ್ಞೂಂ' ಅಂದ್ರು. ಅಲ್ವಾ ಭಾವ?"

ಭಾವ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳತೊಡಗಿದರು. ಭಾವಮೈದುನ ಒಳ್ಳೆಯ ಮನಸ್ಸಿನವನು. ಮಾತು ಬದಲಿಸಲೆಂದು ಜೀಪಿನ ಹತ್ತಿರ ಹೋಗಿ, ಕೆಲಸವನ್ನು ಮನಸಾರೆ ಹೊಗಳಿ, ಅಕ್ಕನ ಸೀಟಿನ ಕುಷನ್ ಎತ್ತಿ ಕೆಳಗಿನ ಚೌಕಟ್ಟನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ. ಪಟ್ಟಿಯ ಮೇಲಿದ್ದ ಒಂದು ಹಸಿರು ಕಲೆಯನ್ನು ಬೆರಳಿನಿಂದ ಮುಟ್ಟಿದ.

"ಭಾವ, ಇದು ನಮ್ಮ ಹಳೇ ಮನೆ ಕಿಟಕಿಗೆ ಬಳಿದ ಬಣ್ಣ," ಎಂದ, ಮೆಲ್ಲಗೆ.

ಟೀಚರಮ್ಮ ಬಂದು ಬಗ್ಗಿ ನೋಡಿದರು. ಸಮಸಮ ಅಂತರದ ತೂತುಗಳನ್ನು ಒಂದೊಂದಾಗಿ ಎಣಿಸಿದರು. ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತೂ ತಾವು ಆ ಏಣಿಯ ಮೇಲೆಯೇ ಕುಳಿತು ಆ ಏಣಿಗಾಗಿ ಸಿಟ್ಟಾಗಿದ್ದು ಅವರಿಗೆ ಮನದಟ್ಟಾಯಿತು. ನಿಂತಲ್ಲೇ ನೆಟ್ಟಗಾದರು.

ಊಟವಾಯಿತು. ನಕ್ಷೆಯವರಿಗೆ ಏನು ಬಡಿಸಿದರೆಂಬುದು ನೆನಪಿಲ್ಲ. ಹಿಂದಿರುಗುವಾಗ ಜೀಪನ್ನು ಎಲ್ಲಿಯೂ ನಿಲ್ಲಿಸಬೇಕಾಗಲಿಲ್ಲ. ಒಲೆಗೆ ಸೌದೆಯೂ ಬೇಕಾಗಲಿಲ್ಲ. ಡ್ರೈವರ್ ಸೀಟೂ ಆ ದಿನ ತನ್ನ ನಿಜವಾದ ಗುಣ ತೋರಿಸಿತು. ತಲೆ ತಗ್ಗಿಸಿ, ಭುಜ ಇಳಿಬಿಟ್ಟು ಕೂತ ನಕ್ಷೆಯವರಿಗೆ ಅದು ತಾಯಿಯ ಮಡಿಲಿನಂತೆ ಒದಗಿತು.

ಮನೆಯ ಮುಂದೆ ಇಂಜಿನ್ ಆರಿಸಿದ ಮೇಲೂ ಟೀಚರಮ್ಮ ಇಳಿಯಲಿಲ್ಲ.

"ನನ್ನ ಅಳತೆ ಯಾವಾಗ ತೆಗೆದ್ರಿ?"

"ಅಡುಗೆಮನೇಲಿ... ಏಣಿ ಮಾತು ಬಂತಲ್ಲ, ಆವತ್ತು."

"ಮಾತು ತಾನಾಗೇ ಬಂತಾ, ನೀವು ತೆಗೆದ್ರಾ?"

"ತೆಗೆದೆ."

ನಕ್ಷೆಯವರು ತಡಮಾಡದೆ, ನಾಳೆಯೇ ಮೇಸ್ತ್ರಿಯನ್ನು ಕರೆಸಿ ಈ ಸೀಟನ್ನು ಬಿಚ್ಚಿಸುತ್ತೇನೆ, ಸಮಾಧಾನದ ಅಳತೆ ತೆಗೆದು ಬೇರೆಯದೇ ಹೊಲಿಸುತ್ತೇನೆ ಎಂದರು.

"ಮುಟ್ಟಬೇಡಿ," ಎಂದರು ಟೀಚರಮ್ಮ. "ನನ್ನ ಬೆನ್ನಿಗೆ ಇಷ್ಟು ಹಿತವಾದ ಜಾಗ ಈ ಮನೆಯಲ್ಲಿ ಇನ್ನೊಂದಿಲ್ಲ. ಇನ್ಮೇಲೆ ನಿಮ್ಮ ಹತ್ರ ಏನಾದ್ರೂ ಮಾತಾಡೋದಿದ್ರೆ ಇಲ್ಲೇ ಕೂತು ಮಾತಾಡ್ತೀನಿ. ಈಗ ಆ ಭಾಷಣ ಉದ್ದ ಆಯ್ತು ಅಂದ್ರಲ್ಲ, ಅಲ್ಲಿಂದ ಶುರು ಮಾಡೋಣ. ಆಮೇಲೆ ಪರದೆ."

ಅಂದಿನಿಂದ ಜೀಪು ಮನೆಯ ಮುಂದೆ, ಎಲ್ಲರ ಕಣ್ಣಿಗೆ ಬೀಳುವಂತೆಯೇ ನಿಂತಿದೆ. ಓಡುವುದು ಕಡಿಮೆ. ಸಂಜೆ ಹಾದುಹೋಗುವವರು ಒಳಗೆ ಗಂಡಹೆಂಡಿರಿಬ್ಬರೂ ಕುಳಿತಿರುವುದನ್ನು ಕಂಡು, ಈ ವಯಸ್ಸಿನಲ್ಲೂ ಎಷ್ಟು ಅನ್ಯೋನ್ಯ ಎಂದುಕೊಳ್ಳುತ್ತಾರೆ.

ತಗಲಿದ ಖರ್ಚು ಹೀಗೆ. ನೆಲದ ತಗಡು, ಬೆಸುಗೆ, ರಬ್ಬರ್ ಹಾಸು: ನಾಲ್ಕು ಸಾವಿರದ ಇನ್ನೂರು. ರೆಕ್ಸಿನ್, ಫೋಮ್, ಮೇಸ್ತ್ರಿಯ ಕೂಲಿ: ಒಂಬತ್ತು ಸಾವಿರದ ಆರುನೂರು. ಪಾಲಿಶ್, ಕೊಕ್ಕೆ, ಚಿಲ್ಲರೆ: ಏಳುನೂರ ಐವತ್ತು. ನಡುಮನೆಗೆ ಹೊಸ ಪರದೆ, ಹಳೆಯ ಬಣ್ಣದ್ದೇ: ಎರಡು ಸಾವಿರ. ಅಲ್ಯೂಮಿನಿಯಂ ಏಣಿ ಒಂದು, ಕಳ್ಳ ಎಂದ ತಪ್ಪಿಗೆ ಭಾವಮೈದುನನ ಮನೆಗೆ ಮುಟ್ಟಿಸಿದ್ದು ಸೇರಿ: ಮೂರು ಸಾವಿರದ ನಾನೂರು. ಸೀಟಿನ ಚೌಕಟ್ಟಿಗೆ ಮರ: ಮನೆಯಲ್ಲೇ ಇತ್ತು, ಖರ್ಚಿಲ್ಲ.