ಓಟದ ಸಿನಿಮಾದ ಎರಡನೇ ಪೆಟ್ಟಿಗೆ

ಓಟದ ಪಂದ್ಯದ ಮೇಲೆ ಈವರೆಗೆ ತೆಗೆದ ಸಿನಿಮಾಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳುವ ಸಂಭವವೂ ಕಡಿಮೆ. ಆದರೂ ಉತ್ತರವನ್ನು ಇಷ್ಟು ವರ್ಷ ಸಿದ್ಧವಾಗಿಟ್ಟುಕೊಂಡೇ ಬಂದಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ನನ್ನಷ್ಟು ನೊಂದವನು ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಕೆಟ್ಟ ಸಿನಿಮಾಕ್ಕೆ ಸಿಕ್ಕಿಬಿದ್ದರೆ ನೀವು ಎದ್ದು ಮನೆಗೆ ಹೋಗಬಹುದು. ನಾನು ಹೋಗುವಂತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಳವಳ್ಳಿಯ ಒಂದು ಚಿತ್ರಮಂದಿರಕ್ಕೆ ನಾನು ಮ್ಯಾನೇಜರು. ಮ್ಯಾನೇಜರು ಎಂದರೆ ಟಿಕೆಟ್ಟು ಹರಿಯುವವನು, ಬೆಲ್ಲು ಹೊಡೆಯುವವನು, ಬೆಂಚಿನ ಕೆಳಗೆ ಮಲಗಿದ ನಾಯಿಯನ್ನು ಎಬ್ಬಿಸಿ ಕಳಿಸುವವನು, ಮತ್ತು ಷೋ ರಿಜಿಸ್ಟರು ಬರೆಯುವವನು. ಈ ಕೊನೆಯ ಕೆಲಸದಲ್ಲಿ ನನಗೆ ವಿಶೇಷ ಶ್ರದ್ಧೆ. ಆಟ ಶುರುವಾದ ಗಳಿಗೆ, ವಿರಾಮ ಎಷ್ಟು ನಿಮಿಷ, ಕರೆಂಟು ಹೋದದ್ದು ಯಾವಾಗ, ಬಂದದ್ದು ಯಾವಾಗ, ಎಲ್ಲವನ್ನೂ ನೀಲಿ ಮಸಿಯಲ್ಲಿ ದುಂಡಗೆ ಬರೆಯುತ್ತಿದ್ದೆ. "ಹಾಲು ಉಕ್ಕಿದ್ದನ್ನೂ ಬರೆದಿಡೋ ಗಂಡಸು ನೀವೊಬ್ಬರೇ. ಉಕ್ಕೋಕೆ ಮುಂಚೆ ಇಳಿಸಬಾರದಾ?" ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಆ ಕಾಲದಲ್ಲಿ ಯಾವುದೋ ಒಂದು ಓಟದ ಸಿನಿಮಾ ಎಲ್ಲೋ ನಾಲ್ಕು ವಾರ ಓಡಿತೆಂದು ನಿರ್ಮಾಪಕರಿಗೆಲ್ಲ ಓಟದ ಹುಚ್ಚು ಹಿಡಿದಿತ್ತು. ಅವುಗಳಲ್ಲಿ ಮೂರು ನಮ್ಮಲ್ಲಿಗೆ ಬಂದವು. ಮೊದಲನೆಯದರಲ್ಲಿ ನಾಯಕಿ ರೇಷ್ಮೆ ಸೀರೆಯುಟ್ಟು, ಜಡೆ ತುಂಬ ಹೂ ಮುಡಿದು ಮೈಲಿಗಟ್ಟಲೆ ಓಡುತ್ತಾಳೆ. ಒಂದು ಮಲ್ಲಿಗೆ ಉದುರುವುದಿಲ್ಲ. ಎರಡನೆಯದರಲ್ಲಿ ಮಗ ರಿಬ್ಬನ್ನು ಹರಿದ ಕ್ಷಣಕ್ಕೆ ಸರಿಯಾಗಿ ತಾಯಿಗೆ ಕಣ್ಣು ಬರುತ್ತದೆ. ಇವೆರಡನ್ನೂ ನಾನು ಕ್ಷಮಿಸಿದ್ದೇನೆ. ಮೂರನೆಯದನ್ನು ಕ್ಷಮಿಸುವುದು ಕಷ್ಟ. ಅದರ ನಾಯಕನಿಗೆ ನಲವತ್ತೈದು ದಾಟಿರಬೇಕು, ಕಾಲೇಜು ಹುಡುಗನ ಪಾತ್ರ, ಹೊಟ್ಟೆಯನ್ನು ಒಳಗೆಳೆದುಕೊಂಡೇ ಮಾತಾಡುತ್ತಾನೆ. ಬೆಲ್‌ಬಾಟಂ ಪ್ಯಾಂಟಿನಲ್ಲಿ ಓಡುತ್ತಾನೆ. ಅವನ ಹಿಂದೆ ಒಂದು ವಾರೆ ತೆಂಗಿನ ಮರ ಹಾದುಹೋಗುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಮರ ಮತ್ತೆ ಹಾದುಹೋಗುತ್ತದೆ. ಅವನು ಅಭ್ಯಾಸ ಮಾಡುವ ಎರಡು ರೀಲುಗಳಲ್ಲಿ ಒಂದು ದಿನ ಕೂತು ಎಣಿಸಿದೆ, ಹದಿನೇಳು ಸಲ. ಖಳನಾಯಕ ಓಡುವ ಸಾಲಿನಲ್ಲೇ ಸಿಗರೇಟು ಸೇದುತ್ತಾನೆ. ಮೈದಾನದ ಗಡಿಯಾರದಲ್ಲಿ ಪಂದ್ಯದ ಮೊದಲಿನಿಂದ ಕೊನೆಯವರೆಗೆ ಹತ್ತೂಹತ್ತು. ಅಭ್ಯಾಸದಲ್ಲೊಮ್ಮೆ, ಪಂದ್ಯದಲ್ಲೊಮ್ಮೆ, ಓಡುತ್ತ ಓಡುತ್ತಲೇ ನಾಯಕ ಒಂದು ಪೂರ್ತಿ ಹಾಡು ಹೇಳುತ್ತಾನೆ, ಮೂರು ಚರಣ, ಒಂದು ಏದುಸಿರಿಲ್ಲ. ಹದಿಮೂರು ದಿನ ನಾನು ಇದನ್ನು ನೋಡಿದೆ.

ಈ ಸಿನಿಮಾಕ್ಕೆ ಇದ್ದದ್ದು ಒಂದೇ ಪ್ರತಿ, ನಡೆಯುತ್ತಿದ್ದದ್ದು ಎರಡು ಊರಿನಲ್ಲಿ. ನಮ್ಮ ಮಾಲೀಕರು ಮಂಡ್ಯದವರು. ಮದ್ದೂರಿನಲ್ಲೂ ಅವರದೇ ಒಂದು ಚಿತ್ರಮಂದಿರ. ರೀಲುಗಳನ್ನು ಎರಡು ತಗಡಿನ ಪೆಟ್ಟಿಗೆಗಳಲ್ಲಿ ಹಾಕಿರುತ್ತಿದ್ದರು, ವಿರಾಮದ ಹಿಂದಿನದಕ್ಕೆ ಒಂದು, ಮುಂದಿನದಕ್ಕೆ ಒಂದು. ಮದ್ದೂರಿನಲ್ಲಿ ಆಟ ನಡುಮಧ್ಯಾಹ್ನಕ್ಕೇ ಶುರು. ಅಲ್ಲಿ ವಿರಾಮವಾದ ತಕ್ಷಣ ಮೊದಲ ಪೆಟ್ಟಿಗೆ ಬಸ್ಸು ಹತ್ತಿ ನಮ್ಮಲ್ಲಿಗೆ ಬರಬೇಕು. ನಾವು ಅದನ್ನು ತೋರಿಸುತ್ತಿರುವಾಗ ತಂದವನು ತಿರುಗಿ ಮದ್ದೂರಿಗೆ ಹೋಗಿ, ಅಷ್ಟರಲ್ಲಿ ಮುಗಿದಿರುವ ಎರಡನೇ ಪೆಟ್ಟಿಗೆಯನ್ನು ಹೊತ್ತು ನಮ್ಮ ವಿರಾಮದೊಳಗೆ ಬಂದು ಸೇರಬೇಕು. ಅದನ್ನು ಇಳಿಸಿ, ಮೊದಲನೆಯದನ್ನು ಎತ್ತಿಕೊಂಡು, ಮದ್ದೂರಿನ ಸಂಜೆ ಆಟಕ್ಕೆ ಮತ್ತೆ ಬಸ್ಸು ಹತ್ತಬೇಕು. ಹೀಗೆ ಹೊರುತ್ತಿದ್ದವನು ಬೋರಯ್ಯ. ಐವತ್ತು ದಾಟಿದ ಒಣಕಲು ಮನುಷ್ಯ. ಎರಡು ಮಂಡಿಯೂ ಸದಾ ಊದಿಕೊಂಡಿರುತ್ತಿದ್ದವು. ಮನೆಯಲ್ಲಿ ಹೆಂಡತಿ, ಗಂಡ ಸತ್ತು ತವರಿಗೆ ಬಂದ ಮಗಳು. ಮೂವರ ಊಟವೂ ಆ ಪೆಟ್ಟಿಗೆಯ ಮೇಲೆ ನಿಂತಿತ್ತು.

ಎರಡನೇ ವಾರದಲ್ಲಿ ಎರಡು ದಿನ ಬಸ್ಸು ತಡವಾಗಿ ಬೋರಯ್ಯ ತಡವಾದ. ಒಂದು ದಿನ ವಿರಾಮ ಇಪ್ಪತ್ತೆಂಟು ನಿಮಿಷ, ಇನ್ನೊಂದು ದಿನ ಮೂವತ್ತೊಂದು. ನಾನು ಎರಡನ್ನೂ ರಿಜಿಸ್ಟರಿನಲ್ಲಿ ದುಂಡಗೆ ಬರೆದೆ. 'ಕಾರಣ' ಎಂಬ ಕಾಲಮ್ಮಿನಲ್ಲಿ 'ಬೋರಯ್ಯ' ಎಂದೂ ಬರೆದೆ. ಬಸ್ಸು ಎಂದು ಬರೆಯಬಹುದಿತ್ತು. ಆದರೆ ಬಸ್ಸು ನಮ್ಮ ನೌಕರನಲ್ಲ, ಬೋರಯ್ಯ ನಮ್ಮ ನೌಕರ ಎಂಬ ತರ್ಕ ನನ್ನದು. ಶನಿವಾರ ಮಾಲೀಕರು ರಿಜಿಸ್ಟರು ತಿರುವಿ ನೋಡಿ ತಣ್ಣಗೆ ಹೇಳಿದರು: "ಇದೇನ್ರೀ, ಅರ್ಧ ಗಂಟೆ ಜನ ಕಡ್ಲೆಕಾಯಿ ತಿಂತಾ ಕೂತಿರ್ಬೇಕಾ? ನಾಳೆ ನಾನೇ ಬತ್ತೀನಿ. ಇನ್ನೊಂದು ಸಲ ತಡ ಆದ್ರೆ ಅವನ್ನ ಕೆಲ್ಸದಿಂದ ಬುಡ್ಸಿಬುಡಿ."

ಬೋರಯ್ಯನಿಗೆ ವಿಷಯ ಹೇಳಿದಾಗ ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬರ್ದಿದ್ದು ಸರಿಯಾಗೇ ಅದೆ ಬುಡಿ ಸಾರ್. ತಡ ಆದದ್ದು ದಿಟ ತಾನೆ" ಎಂದು ಟವಲ್ಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಹೊರಟ. ಆ ಸಂಜೆ ಮನೆಯಲ್ಲಿ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಏನೆಂದು ಕೇಳಿದಳು. ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಸಾರಿನ ಪಾತ್ರೆ ಒಳಗಿಟ್ಟಳು.

ಭಾನುವಾರ ಬಂತು. ಮಧ್ಯಾಹ್ನದ ಆಟಕ್ಕೆ ಬೆಂಚುಗಳೆಲ್ಲ ಭರ್ತಿ. ಬೆಳಕವಾಡಿ ಕಡೆಯವರು ಬಸ್ಸು ತುಂಬಿ ಬಂದಿದ್ದರು. ಬ್ಲಫ್‌ನ ಕರೆಂಟು ತಯಾರಿಸುವ ಪವರ್ ಹೌಸಿನ ನೌಕರರು ಸಂಸಾರ ಸಮೇತ ಬಂದಿದ್ದರು. ಮೊದಲ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಬಂತು. ಅದನ್ನು ಇಳಿಸಿದ ಬೋರಯ್ಯ ನೀರು ಕೂಡ ಕುಡಿಯದೆ ಮದ್ದೂರಿಗೆ ಹಿಂತಿರುಗಿದ. ಮೂರೂಮುಕ್ಕಾಲಿಗೆ ವಿರಾಮದ ಬೆಲ್ಲು ಹೊಡೆದೆ. ಆ ಬೆಲ್ಲಿನ ಸದ್ದು ಇನ್ನೂ ನಿಂತಿರಲಿಲ್ಲ, ಮಾಲೀಕರ ಕಾರು ಬಾಗಿಲಿಗೆ ಬಂತು. ಅವರು ಬಾಲ್ಕನಿಗೆ ಹತ್ತಿ ಕೂತರು. ಮದ್ದೂರಿನ ಬಸ್ಸು ಬಂದಿರಲಿಲ್ಲ.

ಮೂರು ಐವತ್ತು. ರಸ್ತೆಯಲ್ಲಿ ಒಂದು ಎತ್ತಿನಗಾಡಿ. ಮೂರು ಐವತ್ತೈದು. ಅದೇ ಗಾಡಿ, ಇನ್ನೂ ಸ್ವಲ್ಪ ಹತ್ತಿರ. ಬೀಡಿಯ ಸ್ಲೈಡು, ಸೋಪಿನ ಸ್ಲೈಡು, ಧೂಮಪಾನ ನಿಷೇಧದ ಸ್ಲೈಡು, ಮೂರನ್ನೂ ಎರಡೆರಡು ಸಲ ತೋರಿಸಿ ಆಗಿತ್ತು. ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ. ಬೇರೆ ದಿನವಾಗಿದ್ದರೆ ಬೇಡದೆಯೇ ಹೋಗುತ್ತಿತ್ತು. ಅರ್ಧ ಪವರ್ ಹೌಸನ್ನೇ ಬೆಂಚಿನ ಮೇಲೆ ಕೂರಿಸಿಕೊಂಡ ದಿನ ಅದು ಒಮ್ಮೆ ಮಿಣುಕಲೂ ಇಲ್ಲ. ಮುಂದಿನ ಸಾಲಿನಿಂದ ಯಾರೋ, "ಏನಣ್ಣೋ, ಓಡೋನು ಮಲೀಕಂಡ್ನಾ?" ಎಂದು ಕೂಗಿದರು. ಬಾಲ್ಕನಿಯಲ್ಲಿ ಮಾಲೀಕರು ಕೈಗಡಿಯಾರ ನೋಡಿಕೊಂಡದ್ದು ಕೆಳಗಿನಿಂದಲೇ ಕಂಡಿತು.

ನಾನು ಮೆಟ್ಟಿಲು ಹತ್ತಿ ಆಪರೇಟರ್ ಖಾದರನ ಕೋಣೆಗೆ ಓಡಿದೆ. ಅವನು ಯಂತ್ರ ಒರೆಸುತ್ತ ನಿಂತಿದ್ದ. ಮೊದಲ ಪೆಟ್ಟಿಗೆಯ ರೀಲುಗಳು ಮೂಲೆಯಲ್ಲಿದ್ದವು.

"ಖಾದರ್, ಹೀರೋ ಮೊದಲ ಸಲ ಸೋತ ಮೇಲೆ ಅಭ್ಯಾಸ ಮಾಡ್ತಾನಲ್ಲ, ಆ ಎರಡು ರೀಲು ಹಾಕು."

"ಅದು ಆಗ್ಲೇ ತೋರ್ಸಿದ್ದಲ್ವಾ ಸಾರ್, ಅರ್ಧ ಗಂಟೆ ಹಿಂದೆ."

"ಗೊತ್ತು."

"ಜನ ಬೆಂಚು ಮುರೀತಾರೆ."

"ಮುರೀಲಿ. ಹದಿನೇಳು ಸಲ ಅದೇ ಮರ ತೋರಿಸಿದ್ದಾರೆ. ಮೂವತ್ತನಾಲ್ಕು ಸಲ ಆದರೆ ಯಾರಿಗೆ ಗೊತ್ತಾಗುತ್ತೆ?"

ಖಾದರ್ ಒರೆಸುವ ಬಟ್ಟೆ ಕೆಳಗಿಟ್ಟ. "ಇಷ್ಟು ದಿನ ಒಂದು ರೀಲು ಹಿಂದೆಮುಂದೆ ಆದ್ರೆ ನನ್ನ ಹೆಸರು ಬರೀತಿದ್ರಿ" ಎಂದು ಗೊಣಗಿ ರೀಲು ಏರಿಸಿದ. ಸರಿಯಾಗಿ ನಾಲ್ಕಕ್ಕೆ ಬೆಲ್ಲು ಹೊಡೆದೆ. ವಿರಾಮ ಹದಿನೈದು ನಿಮಿಷ ಎಂದು ಬರೆದೆ. ಸುಳ್ಳಲ್ಲ. ಆದರೆ ಐದಕ್ಕೆ ಬಾಲ ಉದ್ದವಾಯಿತು.

ಪರದೆಯ ಮೇಲೆ ನಾಯಕ ಹೊಟ್ಟೆ ಒಳಗೆಳೆದುಕೊಂಡು ಓಡತೊಡಗಿದ. ನಾನು ಬಾಗಿಲ ಪರದೆಯ ಸಂದಿಯಲ್ಲಿ ನಿಂತು ನೋಡಿದೆ. ಮರ ಹಾದುಹೋಯಿತು. ಮತ್ತೆ ಹಾದುಹೋಯಿತು. ಬೆಂಚಿನಲ್ಲಿ ಒಬ್ಬನಿಗೆ ಅನುಮಾನ ಬಂತು.

"ಲೇ, ಈ ಮರ ಆಗ್ಲೇ ದಾಟಿದ್ನಲ್ಲಾ?"

ನಾನು ಪರದೆಯ ಹಿಂದಕ್ಕೆ ಸರಿದೆ.

"ದಾಟಿದ್ರೆ ವಾಪಸ್ ಬರಬೇಡ್ವಾ? ಅವನ್ಗೂ ಮನೆ ಮಠ ಇಲ್ವಾ? ಸುಮ್ಕೆ ನೋಡ್ಲಾ" ಎಂದ ಪಕ್ಕದವನು.

"ಅಲ್ಲ ಕಣ್ಲಾ, ಅಂಗಿ ಕೂಡ ಅದೇ."

"ಬಡವ ಕಣ್ಲಾ ಅವ್ನು. ಎಷ್ಟು ಅಂಗಿ ಮಡೀಕಂಡಿರ್ತಾನೆ?"

ಅನುಮಾನ ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಹಾಡು ಬಂತು. ಆ ಕಾಲದಲ್ಲಿ ಹಾಡು ಹಿಡಿಸಿದರೆ ಜನ ಒನ್ಸ್‌ಮೋರ್ ಎಂದು ಕೂಗುವುದು, ಖಾದರ್ ಮತ್ತೊಮ್ಮೆ ಹಾಕುವುದು ರೂಢಿಯಲ್ಲಿತ್ತು. ಈ ಹಾಡಿಗೆ ಹದಿಮೂರು ದಿನದಲ್ಲಿ ಯಾರೂ ಹಾಗೆ ಕೂಗಿರಲಿಲ್ಲ. ಆದರೂ ಇವತ್ತು ಯಾರೋ ಕೂಗಿರಬೇಕು ಎಂದು ಪ್ರತಿಯೊಬ್ಬನೂ ಅಂದುಕೊಂಡಂತೆ ಕಂಡಿತು. ಹೆಂಗಸರ ಕಡೆಯಿಂದ ಒಂದು ದನಿ, "ಎಷ್ಟು ಓಡ್ತಾನೆ ಕಣಮ್ಮ, ಪಾಪ" ಎಂದು ಮರುಗಿತು. ನಾಲ್ಕೂಹತ್ತಕ್ಕೆ ಮೊದಲ ರೀಲು ಮುಗಿದು ಎರಡನೆಯದು ಏರಿತು. ಇನ್ನು ಹತ್ತೇ ನಿಮಿಷ. ಅದರ ಆಚೆ ನನ್ನ ಹತ್ತಿರ ಬೀಡಿಯ ಸ್ಲೈಡು ಬಿಟ್ಟರೆ ಏನೂ ಇರಲಿಲ್ಲ.

ಹಿಂಬಾಗಿಲಿಗೆ ಹೋಗಿ ನಿಂತೆ. ನಾಲ್ಕೂ ಹದಿನೈದು. ನಾಲ್ಕೂ ಹದಿನಾರು. ರಸ್ತೆಯ ತುದಿಯಲ್ಲಿ ಧೂಳಿನೊಳಗೆ ಏನೋ ಚೌಕವಾದದ್ದು ಮೇಲೆ ಕೆಳಗೆ ಆಡುತ್ತ ಬರುತ್ತಿತ್ತು. ಮೊದಲು ಪೆಟ್ಟಿಗೆ ಕಂಡಿತು, ಆಮೇಲೆ ಅದರ ಕೆಳಗೆ ಬೋರಯ್ಯ. ಊರು ಇನ್ನೂ ಎರಡು ಮೈಲಿ ಇರುವಾಗ ಬಸ್ಸಿನ ಆಕ್ಸಲ್ ಮುರಿದಿತ್ತಂತೆ. ಅವನು ಕಾಯದೆ ಪೆಟ್ಟಿಗೆ ತಲೆಗಿಟ್ಟು ಓಡಿಬಂದಿದ್ದ. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ನಾನು, ಖಾದರ್ ಸೇರಿ ಪೆಟ್ಟಿಗೆ ಇಳಿಸಿದೆವು. ಅವನು ಗೋಡೆ ಹಿಡಿದು ಹಾಗೇ ಕುಸಿದು ಕೂತ. ಬೆರಳೆತ್ತಿ ಬಾಲ್ಕನಿಯ ಕಡೆ ತೋರಿಸಿ ಹುಬ್ಬು ಹಾರಿಸಿದ. "ತಡ ಆಗಿಲ್ಲ" ಎಂದೆ. ಅವನು ನಂಬಲಿಲ್ಲ. ಒಳಗೆ ಮರ ಮೂವತ್ತನಾಲ್ಕನೆಯ ಸಲ ಹಾದುಹೋಯಿತು. ಖಾದರ್ ನಿಜವಾದ ರೀಲು ಏರಿಸಿದ.

ನಾಲ್ಕೂವರೆಗೆ ಮಾಲೀಕರು ಕೆಳಗಿಳಿದು ಬಂದರು. ರಿಜಿಸ್ಟರು ಕೇಳಿದರು. ಕೊಟ್ಟೆ. ಬಾಲ ಉದ್ದವಾದ ಐದರ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು.

"ಹದಿನೈದು ನಿಮಿಷ. ಹಿಂಗಿರ್ಬೇಕು ನೋಡಿ" ಎಂದು ರಿಜಿಸ್ಟರು ಮುಚ್ಚಿದರು. "ಆ ಬೋರಯ್ಯ ಇರ್ಲಿ ಬುಡಿ. ಎಚ್ಚರಿಕೆ ಕೊಟ್ಟದ್ದಕ್ಕೇ ಸರಿಹೋಗವ್ನೆ. ಸಿನಿಮಾನೂ ಪರವಾಗಿಲ್ಲ ಕಣ್ರೀ, ಅಭ್ಯಾಸ ಮಾಡೋದನ್ನ ಚೆನ್ನಾಗಿ ವಿವರವಾಗಿ ತೆಗ್ದವ್ರೆ." ಕಾರು ಮಂಡ್ಯದ ಕಡೆ ಹೋಯಿತು. ಒಂದು ಸಿನಿಮಾ ಇನ್ನೂ ಸ್ವಲ್ಪ ಚೆನ್ನಾಗಿದ್ದಿದ್ದರೆ ಒಂದು ಸಂಸಾರ ಬೀದಿಗೆ ಬೀಳುತ್ತಿತ್ತಲ್ಲ ಎಂದು ನಾನು ಅಲ್ಲೇ ನಿಂತು ಯೋಚಿಸಿದೆ.

ತಿರುಗಿ ನೋಡಿದರೆ ಬೋರಯ್ಯ ಎದ್ದು ನಿಂತು ಮೊದಲ ಪೆಟ್ಟಿಗೆಗೆ ಕೈಹಾಕುತ್ತಿದ್ದ. ನಾಲ್ಕೂಮುಕ್ಕಾಲರ ಬಸ್ಸಿಗೆ ಅದು ಮದ್ದೂರಿಗೆ ಹೋಗಬೇಕು. ಎತ್ತಲಾಗದೆ ಒಮ್ಮೆ ಕೆಳಗಿಟ್ಟ.

"ಸಾರ್, ಒಂದ್ ಮಾತು. ಅವ್ನು ಕೊನೇಗೆ ಗೆಲ್ತಾನಾ?"

ಅವನು ಕೇಳುತ್ತಿದ್ದದ್ದು ಸಿನಿಮಾದ ನಾಯಕನ ವಿಷಯ. ಎರಡನೇ ಭಾಗ ನಡೆಯುವಾಗಲೆಲ್ಲ, ಇಲ್ಲಾಗಲಿ ಮದ್ದೂರಿನಲ್ಲಾಗಲಿ, ಬೋರಯ್ಯ ಬಸ್ಸಿನಲ್ಲಿರುತ್ತಿದ್ದ. ಹದಿಮೂರು ದಿನ ಹೊತ್ತ ಸಿನಿಮಾದ ಕೊನೆ ಅವನಿಗೆ ಗೊತ್ತಿರಲಿಲ್ಲ.

"ಕೂತು ನೋಡು. ಪೆಟ್ಟಿಗೆ ನಾನು ಒಯ್ತೀನಿ" ಎಂದೆ.

ಅವನು ಒಲ್ಲೆನೆಂದ. ನಾನು ಬಲವಂತ ಮಾಡಿ ಹಿಂದಿನ ಬೆಂಚಿನ ತುದಿಯಲ್ಲಿ ಕೂರಿಸಿದೆ. ಎರಡನೇ ಭಾಗದ ಉದ್ದಕ್ಕೂ ಪಂದ್ಯವೇ, ಅದು ಆಗಲೇ ಶುರುವಾಗಿತ್ತು. ನಾಯಕ ಹಾಡುತ್ತ, ಕೈಬೀಸುತ್ತ, ಎಲ್ಲರನ್ನೂ ಹಿಂದಿಕ್ಕುತ್ತಿದ್ದ. ಬೋರಯ್ಯ ಕಣ್ಣು ಕಿರಿದು ಮಾಡಿ ಗಂಭೀರವಾಗಿ ನೋಡಿದ.

"ಇದೇನ್ ಸಾರ್" ಎಂದ ಕೊನೆಗೆ, ಮೆಲ್ಲಗೆ. "ತಲೆ ಮ್ಯಾಲೆ ಏನೂ ಹೊರ್ದೆ, ಬರೀ ತಲೇಲಿ ಓಡ್ತಾವ್ನೆ."

ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಇವತ್ತಿಗೂ ತಿಳಿಯದು. ಆದರೆ ನಿಲ್ಲಲು ಹೊತ್ತಿರಲಿಲ್ಲ. ಪೆಟ್ಟಿಗೆ ಎತ್ತಿದೆ. ಅದು ಅಷ್ಟು ಭಾರವಿರುತ್ತದೆಂದು ರಿಜಿಸ್ಟರಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ತಲೆಯ ಮೇಲಿಟ್ಟರೆ ಕತ್ತು ಒಳಗೆ ಹೋಯಿತು. ಹೆಗಲಿಗಿಟ್ಟರೆ ದೇಹ ಒಂದು ಕಡೆಗೆ ವಾಲಿತು. ಕೊನೆಗೆ ಹೊಟ್ಟೆಗೆ ಅವುಚಿಕೊಂಡೆ. ಪಂಚೆ ಕಾಲಿಗೆ ತೊಡರುತ್ತಿತ್ತು, ಎತ್ತಿ ಕಟ್ಟಲು ಕೈ ಖಾಲಿಯಿರಲಿಲ್ಲ. ಬಸ್ ಸ್ಟ್ಯಾಂಡಿನ ತಿರುವಿಗೆ ಬಂದಾಗ ಬಸ್ಸಿನ ಇಂಜಿನ್ ಸದ್ದು ಕೇಳಿ ಓಡತೊಡಗಿದೆ. ಟೀ ಅಂಗಡಿಯ ಬೆಂಚಿನವರು ಲೋಟ ಕೆಳಗಿಟ್ಟು ಎದ್ದು ನಿಂತರು. ಕನ್ನಡಕ ಮೂಗಿನ ತುದಿಗೆ ಜಾರಿ ನನಗೆ ಮುಂದೇನೂ ಕಾಣುತ್ತಿರಲಿಲ್ಲ. ನನ್ನದೇ ಏದುಸಿರು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಎಷ್ಟು ಹೊತ್ತು ಓಡಿದೆನೋ. ಎಲ್ಲಿಂದಲೋ ಕಂಡಕ್ಟರನ ದನಿ, ಬಹಳ ಮರುಕದಿಂದ, ಕೇಳಿಬಂತು:

"ಓಡ್ಬೇಡಿ ಸಾರ್, ನಡ್ಕಂಡೇ ಬನ್ನಿ. ಬಸ್ಸು ನಿಂತೇ ಅದೆ. ನಮ್ ಕೈಲಿ ನೋಡಕ್ಕಾಯ್ತಿಲ್ಲ."